ಕವಿತೆಗೆ ರಾಗ ಹಾಕುವ ಮುನ್ನ ಮಾತ್ರೆ ಎಣಿಸಿ

ರಾಜ್ಯೋತ್ಸವ ಹತ್ತಿರ ಬಂತೆಂದರೆ ಸಾಕು, ಶಾಲೆಯಲ್ಲೋ ಅಪಾರ್ಟ್‌ಮೆಂಟ್ ಸಂಘದಲ್ಲೋ ಹೊರನಾಡಿನ ಕನ್ನಡ ಕೂಟದಲ್ಲೋ ಯಾರಾದರೂ ಒಬ್ಬರ ತಲೆಗೆ ಹೊಸ ಕವಿತೆಗೆ ರಾಗ ಹಾಕುವ ಕೆಲಸ ಬಂದು ಬೀಳುತ್ತದೆ. ಅವರು ಮೊದಲು ಮಾಡುವುದು ಹಾರ್ಮೋನಿಯಂ ತೆರೆದು 'ಇದಕ್ಕೆ ಮೋಹನ ಒಪ್ಪುತ್ತದೋ ಹಂಸಧ್ವನಿಯೋ' ಎಂದು ಬೆರಳಾಡಿಸುವುದು. ಕೆಡುವುದು ಅಲ್ಲೇ. ಮಟ್ಟು ಇಂಪಾಗಿಯೇ ಇರುತ್ತದೆ, ಮಾತು ಮಾತ್ರ ಕುಂಟುತ್ತದೆ. ಪದ್ಯಕ್ಕೆ ತನ್ನದೇ ನಡಿಗೆ ಇರುತ್ತದೆ. ಅದನ್ನು ಕಂಡುಕೊಳ್ಳುವ ತನಕ ವಾದ್ಯದ ಪೆಟ್ಟಿಗೆ ಮುಚ್ಚಿಯೇ ಇರಲಿ.

ಕವಿತೆ ಆರಿಸುವುದು

ಎಂಟರಿಂದ ಹದಿನಾರು ಸಾಲು ಸಾಕು. ನಿಮ್ಮದೇ ಕವಿತೆಯಾದರೆ ತೊಂದರೆಯಿಲ್ಲ. ಬೇರೆಯವರದಾದರೆ ಹಕ್ಕು ನೋಡಿಕೊಳ್ಳಿ: ಭಾರತದ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಪದ್ಯಗಳ ಅವಧಿ 2006ಕ್ಕೆ ಮುಗಿದಿದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರದು 2041ರ ಕೊನೆಯವರೆಗೂ ಇದೆ. ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಯೋಚನೆಯಿದ್ದರೆ ಕವಿಯ ಮನೆಯವರ ಅನುಮತಿಯನ್ನು ಮಟ್ಟು ಕಟ್ಟುವ ಮುಂಚೆಯೇ ಕೇಳಿ, ಕಟ್ಟಿದ ಮೇಲಲ್ಲ.

ಪ್ರಸ್ತಾರ ಹಾಕುವುದು

ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಮಾಡಿದ್ದನ್ನೇ ಈಗ ಹಾಡಿಗಾಗಿ ಮಾಡಬೇಕು. ಸಾಲಿನ ಅಕ್ಷರಗಳನ್ನು ಲಘು, ಗುರು ಎಂದು ಗುರುತಿಸಿ ಮಾತ್ರೆ, ಅಂದರೆ ಉಚ್ಚಾರದ ಕಾಲ, ಎಣಿಸುವುದೇ ಪ್ರಸ್ತಾರ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಅನುಸ್ವಾರ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು. ಹೆಚ್ಚಿನವರು ಎಡವುವುದು ಕೊನೆಯದರಲ್ಲಿ. 'ಬೆಟ್ಟ' ಎಂಬಲ್ಲಿ ಗುರು 'ಬೆ', 'ಟ್ಟ' ಅಲ್ಲ. ಪದದ ಮೊದಲಲ್ಲೇ ಒತ್ತಕ್ಷರ ಬಂದರೆ, ಉದಾಹರಣೆಗೆ 'ಮನದ ಪ್ರೀತಿ', ಆಗ 'ದ' ಗುರುವೋ ಲಘುವೋ ಎಂಬುದನ್ನು ಪುಸ್ತಕಕ್ಕಿಂತ ಬಾಯಿಯೇ ಚೆನ್ನಾಗಿ ಹೇಳುತ್ತದೆ. ಹೊಸಗನ್ನಡದ ಪದ್ಯದಲ್ಲಿ ಸಾಮಾನ್ಯವಾಗಿ ಅದು ಲಘುವಾಗಿಯೇ ಉಳಿಯುತ್ತದೆ.

ಅಭ್ಯಾಸಕ್ಕೆ ಎರಡು ಸಾಲು:

ಮಳೆಯು ಬಂದಿತು ಬೆಟ್ಟದಾಚೆಗೆ
ಹೊಳೆಯು ತುಂಬಿತು ಕೆಂಪು ನೀರಲಿ

ಮಳೆಯು ಮೂರು, ಬಂದಿತು ನಾಲ್ಕು, ಬೆಟ್ಟ ಮೂರು, ದಾಚೆಗೆ ನಾಲ್ಕು. ಎರಡನೆಯ ಸಾಲೂ ಹಾಗೆಯೇ. ಮೂರು-ನಾಲ್ಕು, ಮೂರು-ನಾಲ್ಕು, ಒಟ್ಟು ಹದಿನಾಲ್ಕು. ಭಾಮಿನಿ ಷಟ್ಪದಿಯ ಚಿಕ್ಕ ಸಾಲಿನ ನಡೆ ಇದು. 'ತೋಟದಲಿ ಮಾವಿನಲಿ ಕೋಗಿಲೆಯು ಕೂಗಿತ್ತು' ಎಂದರೆ ಐದೈದರ ನಾಲ್ಕು ಗಣ (ಮಾತ್ರೆಗಳ ಗುಂಪು), ಇಪ್ಪತ್ತು ಮಾತ್ರೆ. 'ಚಿಕ್ಕ ಮನೆಯ ಮುಂದೆ ಕುಳಿತು' ಮೂರು ಮೂರರದು. 'ಹಸುರಿನ ಗದ್ದೆಯ ಅಂಚಿನ ದಾರಿ' ನಾಲ್ಕು ನಾಲ್ಕರದು, ಕೊನೆಯ ಗಣದಲ್ಲಿ ಮಾತ್ರ ಒಂದು ಮಾತ್ರೆ ಕಡಿಮೆ. ಆ ಕೊರತೆಯ ಗಣಕ್ಕೆ ಮುಡಿ ಎನ್ನುತ್ತಾರೆ. ಕವಿ ತಪ್ಪಿದ್ದಾನೆಂದು ತಿಳಿದು ಅಲ್ಲೊಂದು ಅಕ್ಷರ ಸೇರಿಸಹೋಗಬೇಡಿ. ಆ ಒಂದು ಮಾತ್ರೆ ಹಾಡುವವರಿಗೆ ಉಸಿರು ಎಳೆದುಕೊಳ್ಳಲು ಸಿಕ್ಕ ಜಾಗ.

ನಾಲ್ಕೈದು ಸಾಲು ಎಣಿಸಿದರೂ ಯಾವ ಲೆಕ್ಕವೂ ಕೂಡಿಬರದಿದ್ದರೆ ಅದು ವಚನವೋ ನವ್ಯ ಕವಿತೆಯೋ ಆಗಿರಬಹುದು. ಅದಕ್ಕೆ ದಾರಿ ಬೇರೆ, ಮುಂದೆ ಹೇಳಿದೆ. ತ್ರಿಪದಿಯೂ ಮಾತ್ರೆಯ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಅದರ ಹಳೆಯ ಕಟ್ಟು ಅಂಶಗಣದ್ದು (ಮಾತ್ರೆಯ ಬದಲು ಹಿಗ್ಗಿ ಕುಗ್ಗುವ ಅಂಶಗಳ ಲೆಕ್ಕ), ಎಳೆದೆಳೆದು ಹಾಡುವುದೇ ಅದರ ಗತ್ತು.

ತಾಳಕ್ಕೆ ಕೂರಿಸುವುದು

ಇದೇ ಕಷ್ಟದ ಹೆಜ್ಜೆ. ಮೂರರ ನಡೆಗೆ ರೂಪಕ ಅಥವಾ ದಾದ್ರಾ. ನಾಲ್ಕರದಕ್ಕೆ ಆದಿ ಅಥವಾ ಕೆಹರ್ವಾ. ಐದರದಕ್ಕೆ ಖಂಡ ಚಾಪು ಅಥವಾ ಝಪ್ತಾಲ. ಮೂರು-ನಾಲ್ಕರದಕ್ಕೆ ಮಿಶ್ರ ಚಾಪು. ತಬಲಾದವರು ಜತೆಗಿದ್ದರೆ ದೀಪ್‌ಚಂದಿ ಕೇಳಿ: ಅದರ ಹದಿನಾಲ್ಕು ಮಾತ್ರೆ ಒಡೆಯುವುದೇ 3-4-3-4 ಎಂದು, ಭಾಮಿನಿಯ ಚಿಕ್ಕ ಸಾಲು ಒಂದು ಆವರ್ತದಲ್ಲಿ (ತಾಳದ ಒಂದು ಸುತ್ತಿನಲ್ಲಿ) ಅಳೆದು ಕತ್ತರಿಸಿದಂತೆ ಕೂರುತ್ತದೆ. ಒಂದು ಎಚ್ಚರ. ಕರ್ನಾಟಕ ಸಂಗೀತದ ರೂಪಕ ಆರು ಅಕ್ಷರದ್ದು (ತಾಳದ ಎಣಿಕೆಗೆ ಅಲ್ಲಿ ಅಕ್ಷರ ಎನ್ನುತ್ತಾರೆ), ಹಿಂದೂಸ್ತಾನಿಯ ರೂಪಕ್ ಏಳು ಮಾತ್ರೆಯದು. ಮೃದಂಗದವರಿಗೂ ತಬಲಾದವರಿಗೂ ಒಟ್ಟಿಗೆ 'ರೂಪಕ' ಎಂದಷ್ಟೇ ಹೇಳಿದರೆ ರಿಹರ್ಸಲ್ಲಿನ ಮೊದಲ ಅರ್ಧ ಗಂಟೆ ಜಗಳಕ್ಕೇ ಹೋಗುತ್ತದೆ. ಹೆಸರಿನ ಬದಲು ಎಣಿಕೆ ಹೇಳಿ.

ಎಲ್ಲರೂ ಮಾಡುವ ತಪ್ಪು ಮೂರು-ನಾಲ್ಕರ ಪದ್ಯವನ್ನು ಎಂಟರ ತಾಳಕ್ಕೆ ತುರುಕುವುದು. ಕೀಬೋರ್ಡಿನ ರೆಡಿಮೇಡ್ ಸ್ಟೈಲುಗಳಲ್ಲಿ ಬಹುಪಾಲು ನಾಲ್ಕರ ಲೆಕ್ಕದವು. ಗುಂಡಿ ಒತ್ತಿದ ಕೂಡಲೇ ಪದ್ಯ ಅದರ ಹಿಂದೆ ಓಡತೊಡಗುತ್ತದೆ. ಆಗ ಮೂರರ ಗಣ ನಾಲ್ಕಾಗಲು ಒಂದು ಮಾತ್ರೆ ಸಾಲ ಮಾಡುತ್ತದೆ, 'ಮಳೆಯು ಬಂದಿತು' ಎಂಬುದು 'ಮಳೆಯೂ ಬಂದಿತು' ಆಗುತ್ತದೆ. ಕವಿ ಹೇಳಿದ್ದು ಮಳೆ ಬಂತು ಎಂದು. ನೀವು ಹಾಡುತ್ತಿರುವುದು ಮಿಕ್ಕಿದ್ದರ ಜತೆ ಮಳೆ ಕೂಡ ಬಂತು ಎಂದು. ಮುಂದಿನ ಸಾಲಿನಲ್ಲಿ ಹೊಳೆಯೂ ತುಂಬುತ್ತದೆ. ಕೇಳುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಆ ಸ್ಟೈಲುಗಳನ್ನು ಬಳಸಲೇಬೇಡಿ. ಮೊಬೈಲಿನ ಮೆಟ್ರೋನೋಮ್‌ನಲ್ಲಿ ಏಳು ಪೆಟ್ಟು ಇಟ್ಟು ಒಂದನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಕೊಟ್ಟರೆ ಮಿಶ್ರ ಚಾಪು ಸಿದ್ಧ.

ಈಗ ಸ್ವರವಿಲ್ಲದೆ, ತಾಳ ಹಾಕುತ್ತ ಪದ್ಯವನ್ನು ಮಾತಿನಂತೆ ಹೇಳಿ. ನಿಮಿಷಕ್ಕೆ 160 ಮಾತ್ರೆಯ ವೇಗ ಇಟ್ಟರೆ ಹದಿನಾಲ್ಕರ ಸಾಲಿಗೆ ಐದು ಸೆಕೆಂಡಿಗಿಂತ ಚೂರು ಹೆಚ್ಚು ಬೇಕು. ಒಂದೇ ಉಸಿರಿನಲ್ಲಿ ಸಲೀಸಾಗಿ ಮುಗಿಯುತ್ತದೆ. 100ಕ್ಕೆ ಇಳಿಸಿದರೆ ಅದೇ ಸಾಲು ಎಂಟು ಸೆಕೆಂಡು ದಾಟುತ್ತದೆ, ಶಾಲಾ ಮಕ್ಕಳು ನಡುವೆಯೇ ಉಸಿರು ಎಳೆಯುತ್ತಾರೆ. ಅದೂ ಎಲ್ಲಿ? 'ಬೆಟ್ಟ' ಎಂದು ನಿಲ್ಲಿಸಿ, 'ದಾಚೆಗೆ' ಎಂದು ಎತ್ತಿಕೊಳ್ಳುವಲ್ಲಿ. ಗಣ ಒಡೆಯುವ ಜಾಗವೆಲ್ಲ ಉಸಿರಿನ ಜಾಗವಲ್ಲ. ಪದ ಮುಗಿಯುವಲ್ಲಿ ಮಾತ್ರ ಉಸಿರಿನ ಗುರುತು ಹಾಕಿ.

ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಭಾಮಿನಿ ಓದುವುದನ್ನು ಕೇಳಿ ತಾಳ ಹುಡುಕಬೇಡಿ. ಗಮಕ ವಾಚನಕ್ಕೆ ತಾಳದ ಕಟ್ಟಿಲ್ಲ. ಮಾತನ್ನು ಹೇಗೆ ಒಡೆಯಬೇಕೆಂದು ಕಲಿಯಲು ಮಾತ್ರ ಅದರಷ್ಟು ಒಳ್ಳೆಯ ಪಾಠ ಬೇರೆಯಿಲ್ಲ.

ಇನ್ನೊಂದು ತೊಡಕು ಸಾಲಿನ ಮುಂದೆ ನಿಲ್ಲುವ ಹೆಚ್ಚುವರಿ ಅಕ್ಷರಗಳದು, ಅಂದರೆ ಪದ್ಮಗಣದ್ದು. 'ಇದು ಹಸುರಿನ ಗದ್ದೆಯ ಅಂಚಿನ ದಾರಿ' ಎಂದರೆ ಪೆಟ್ಟು ಬೀಳಬೇಕಾದದ್ದು 'ಹ'ದ ಮೇಲೆ, 'ಇ'ಯ ಮೇಲಲ್ಲ. ಆದಿತಾಳದ ಒಂದು ಅಕ್ಷರಕ್ಕೆ ಎರಡು ಮಾತ್ರೆ ಹಿಡಿದರೆ 'ಇದು' ಎಂಬುದನ್ನು ಹಿಂದಿನ ಆವರ್ತದ ಎಂಟನೆಯ ಅಕ್ಷರದಲ್ಲಿ ಎತ್ತಿಕೊಳ್ಳಬೇಕು. ಮೊದಲ ಸಾಲಿಗಾದರೆ ಸುಲಭ. ಪ್ರತಿ ಸಾಲೂ ಹೀಗೇ ಶುರುವಾದರೆ ಹಿಂದಿನ ಸಾಲಿನ ಕೊನೆಯಲ್ಲಿ ಎರಡು ಮಾತ್ರೆ ಖಾಲಿ ಇರಬೇಕು. 'ದಾರಿ' ಬಿಟ್ಟುಕೊಡುವುದು ಒಂದನ್ನೇ. ಅಂಥಲ್ಲಿ ಅಕ್ಷರ ನುಂಗುವ ಬದಲು ಸಾಲುಗಳ ನಡುವೆ ಅರ್ಧ ಆವರ್ತ ವಾದ್ಯಕ್ಕೆ ಬಿಡಿ.

ಎಳೆಯುವುದು ಎಲ್ಲಿ, ಎಳೆಯಬಾರದ್ದು ಎಲ್ಲಿ

ಲಘುವನ್ನು ಎಳೆದರೆ ಪದವೇ ಬದಲಾಗುತ್ತದೆ: ಬಳೆ ಬಾಳೆಯಾಗುತ್ತದೆ, ಕಡು ಕಾಡಾಗುತ್ತದೆ, ಮರಿ ಮಾರಿಯಾಗುತ್ತದೆ. ಪದದ ಮೊದಲ ಲಘುವನ್ನು ಎಂದಿಗೂ ಎಳೆಯಬೇಡಿ. ಪದದ ಕೊನೆಯದನ್ನು ಎಳೆಯಬಹುದು, ಆದರೆ 'ಮಳೆಯು' 'ಮಳೆಯೂ' ಆಗುವಂಥಲ್ಲಿ ಅದೂ ಕೂಡದು.

ಇಷ್ಟು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಗುರುಗಳಲ್ಲೂ ಎರಡು ಜಾತಿ ಇದೆ ಎಂಬುದು. 'ದಾಚೆಗೆ'ಯ 'ದಾ' ನಿಜವಾದ ದೀರ್ಘ. ಎರಡು ಮಾತ್ರೆಯಲ್ಲ, ಆರು ಎಳೆದರೂ 'ದಾ' ಆಗಿಯೇ ಇರುತ್ತದೆ. ಸಂಗತಿ, ಅಂದರೆ ಅದೇ ಮಾತಿಗೆ ಮಟ್ಟಿನ ಕುಸುರಿ, ಹಾಕುವುದಿದ್ದರೆ ಅಲ್ಲಿ ಹಾಕಿ. 'ಬೆಟ್ಟ'ದ 'ಬೆ' ಮಾತ್ರ ಒತ್ತಕ್ಷರದ ಹಂಗಿನಿಂದ ಗುರುವಾದದ್ದು. ಎಳೆದರೆ 'ಬೇಟ' ಎಂದು ಕೇಳಿಸುತ್ತದೆ. ಅದನ್ನು ಎರಡೇ ಮಾತ್ರೆಗೆ ನಿಲ್ಲಿಸಿ, 'ಟ್' ಮೇಲೆ ಚಿಕ್ಕದೊಂದು ತಡೆ ಕೊಟ್ಟು ಮುಂದೆ ಹೋಗಿ. 'ಬಂದಿತು' ಕೂಡ ಹಾಗೆ: ಸ್ವರ ಉದ್ದವಾದರೆ 'ಬಾಂದಿತು', ಸೊನ್ನೆ ಉದ್ದವಾದರೆ ಮೂಗಿನ ಗುನುಗು. ಪ್ರಸ್ತಾರದ ಹಾಳೆಯಲ್ಲಿ ದೀರ್ಘ ಸ್ವರದ ಗುರುಗಳಿಗೆಲ್ಲ ಕೆಂಪು ಸುತ್ತು ಹಾಕಿಡಿ. ಮಟ್ಟಿನ ಉದ್ದನೆಯ ಸ್ವರಗಳು ಆ ಸುತ್ತುಗಳ ಮೇಲಷ್ಟೇ ಇಳಿಯಬೇಕು.

ಈಗ ರಾಗ

ಪೆಟ್ಟಿಗೆ ತೆರೆಯಿರಿ. ಹೊಸಬರಿಗೆ ಐದು ಸ್ವರದ ರಾಗಗಳೇ ಸರಿ: ಮೋಹನ, ಹಂಸಧ್ವನಿ, ಶುದ್ಧ ಸಾವೇರಿ, ಮಧ್ಯಮಾವತಿ, ಹಿಂದೋಳ. ತೋಡಿ, ವರಾಳಿ, ಸಾವೇರಿಗಳ ಜೀವ ಇರುವುದು ಗಮಕದಲ್ಲಿ, ಇಲ್ಲಿ ಅದರ ಅರ್ಥ ಸ್ವರದ ಬಳುಕು. ಹಾರ್ಮೋನಿಯಂ ಅದನ್ನು ಕೊಡುವುದಿಲ್ಲ, ಗುಂಪಿನಲ್ಲಿ ಹಾಡುವವರು ಮೊದಲೇ ಕೊಡುವುದಿಲ್ಲ. ಯಾವ ರಾಗಕ್ಕೆ ಯಾವ ರಸ ಎಂಬ ಪಟ್ಟಿಗಳನ್ನು ನಂಬಿ ಆರಿಸಬೇಡಿ. ವೇಗ ಬದಲಿಸಿದರೆ ಅದೇ ರಾಗದ ಮುಖವೇ ಬದಲಾಗುತ್ತದೆ.

ಮೊದಲ ಕರಡಿನಲ್ಲಿ ಮಾತ್ರೆಗೆ ಒಂದು ಸ್ವರಕ್ಕಿಂತ ಹೆಚ್ಚು ಬೇಡ. ನಮ್ಮ ಸಾಲು ಮೋಹನದಲ್ಲಿ (ಅಲ್ಪವಿರಾಮ ಇದ್ದಲ್ಲಿ ಹಿಂದಿನ ಸ್ವರವನ್ನೇ ಇನ್ನೊಂದು ಮಾತ್ರೆ ಹಿಡಿಯಿರಿ):

ಗ ಗ ರಿ | ಗ , ಪ ಪ | ದ , ಪ | ಗ , ರಿ ಸ

ಬೆಟ್ಟದ ಮೇಲೆ ಧೈವತ (ದ), ಆಚೆಗೆ ಇಳಿದಾಗ ಷಡ್ಜ (ಸ). ಮಾತು ಏರಿದಲ್ಲಿ ಸ್ವರವೂ ಏರಿದೆ. ಇದನ್ನು ಅತಿಗೆ ಒಯ್ಯಬೇಡಿ. ಆಕಾಶ ಎಂದಾಗಲೆಲ್ಲ ತಾರಸ್ಥಾಯಿಗೆ ಹಾರುವುದು ಮಕ್ಕಳಾಟವಾಗುತ್ತದೆ.

ಶ್ರುತಿಯ ವಿಚಾರದಲ್ಲಿ ಸಂಯೋಜಕರು ತಮ್ಮ ಗಂಟಲನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಗಂಡಸರೂ ಹೆಂಗಸರೂ ಕೂಡಿ ಹಾಡುವುದಿದ್ದರೆ ಹಾರ್ಮೋನಿಯಂನ ಬಿಳಿ 2 ಅಥವಾ ಕಪ್ಪು 2ನೆಯ ಮನೆಯಲ್ಲಿ ಶ್ರುತಿ ಇಟ್ಟು, ಮಟ್ಟನ್ನು ಮಂದ್ರ (ಕೆಳಗಿನ) ಪಂಚಮದಿಂದ ತಾರ (ಮೇಲಿನ) ಷಡ್ಜದೊಳಗೆ ಮುಗಿಸಿ.

ಪಲ್ಲವಿ, ಚರಣ

ಮೊದಲ ಎರಡು ಸಾಲು ಪಲ್ಲವಿ. ಒಂದನೆಯ ಮತ್ತು ಮೂರನೆಯ ಚರಣಕ್ಕೆ ಒಂದೇ ಮಟ್ಟು, ನಡುವಿನದಕ್ಕೆ ಬೇರೆ. ಚರಣ ಮುಗಿಯುವ ಸ್ವರ ಪಲ್ಲವಿ ಎತ್ತುವ ಸ್ವರದ ಪಕ್ಕದಲ್ಲಿರಲಿ, ಇಲ್ಲವಾದರೆ ಗುಂಪು ಪ್ರತಿ ಸಲವೂ ಶ್ರುತಿ ತಡಕಾಡುತ್ತದೆ. ಪುನರಾವರ್ತನೆ ಮಿತಿಯಲ್ಲಿರಲಿ. 2022ರಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಮಟ್ಟನ್ನು ಅಧಿಕೃತಗೊಳಿಸಿದಾಗ ಆಲಾಪವಾಗಲಿ ಮರುಕಳಿಕೆಯಾಗಲಿ ಇಲ್ಲದೆ 2 ನಿಮಿಷ 30 ಸೆಕೆಂಡಿಗೆ ಮುಗಿಸಬೇಕೆಂದು ಹೇಳಬೇಕಾಯಿತು. ನಿಂತು ಹಾಡುವ ಹಾಡಿಗೆ ಅಷ್ಟು ಸಾಕು.

ವಚನವಾದರೆ

ಮಾತ್ರೆ ಎಣಿಸುವುದನ್ನು ಬಿಡಿ. ಗಟ್ಟಿಯಾಗಿ ಓದಿ, ಅರ್ಥ ನಿಲ್ಲುವಲ್ಲಿ ಗೆರೆ ಎಳೆಯಿರಿ. ಒಂದೊಂದು ತುಂಡನ್ನು ಒಂದೊಂದು ಆವರ್ತಕ್ಕೆ ಹಾಕಿ, ಉಳಿದ ಜಾಗ ಖಾಲಿ ಬಿಡಿ; ತುಂಬಲು 'ಅಯ್ಯಾ'ಗಳನ್ನು ಹೆಚ್ಚಿಸಬೇಡಿ. ಅಂಕಿತ ಬರುವ ತುಂಡು ಒಡೆಯದೆ ಒಂದೇ ಉಸಿರಿನಲ್ಲಿ ಬರಬೇಕು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ರಾಗಕ್ಕಾಗಿ ಕೇಳುವಂತೆಯೇ ಮಾತನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದಕ್ಕೂ ಕೇಳಿ.

ಪರೀಕ್ಷೆ

ಕೈತಾಳದೊಂದಿಗೆ, ಹಿನ್ನೆಲೆ ವಾದ್ಯವಿಲ್ಲದೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕವಿತೆ ನೋಡಿರದ ಒಬ್ಬರಿಗೆ ಕೇಳಿಸಿ, ಕೇಳಿಸಿದ ಮಾತನ್ನು ಬರೆಯಲು ಹೇಳಿ. ಅವರು ತಪ್ಪು ಬರೆದ ಪದದಲ್ಲಿ ಮಟ್ಟಿನ ದೋಷ ಇದೆ.

ಬಲ್ಲವರ ಅಭಿಪ್ರಾಯ ಬೇಕಿದ್ದರೆ 'ಹೇಗಿದೆ ಹೇಳಿ' ಎಂದು ವಾಟ್ಸ್ಆ್ಯಪ್ ಗುಂಪಿಗೆ ಎಸೆಯಬೇಡಿ, ಹತ್ತು ಹೆಬ್ಬೆರಳು ಬರುತ್ತವೆ ಅಷ್ಟೆ. ಶ್ರುತಿ, ತಾಳ, ವೇಗ, ಸ್ವರಲಿಪಿ, ಕವಿತೆಯ ಪಾಠ ಜತೆಗಿಟ್ಟು ಒಂದೇ ಪ್ರಶ್ನೆ ಕೇಳಿ: '40ನೇ ಸೆಕೆಂಡಿನಲ್ಲಿ ಚರಣದಿಂದ ಪಲ್ಲವಿಗೆ ಬರುವುದು ತೊಡರುತ್ತಿದೆಯೇ?' ಆಗ ಉತ್ತರ ಬರುತ್ತದೆ. ಝೂಮ್ ಕರೆಯಲ್ಲಿ ಹಾಡಿ ತೋರಿಸುವುದಾದರೆ ಸಂಗೀತಗಾರರಿಗೆಂದು ಇರುವ ಒರಿಜಿನಲ್ ಸೌಂಡ್ ಆಯ್ಕೆ ಹಾಕಿಕೊಳ್ಳಿ, ಇಲ್ಲವಾದರೆ ತಂಬೂರಿಯ ನಾದವನ್ನು ಗದ್ದಲವೆಂದು ಅದು ಅಳಿಸಿಬಿಡುತ್ತದೆ. ಕರೆಯಲ್ಲಿ ಇಬ್ಬರೂ ಒಟ್ಟಿಗೆ ತಾಳ ಹಾಕಲು ಹೋಗಬೇಡಿ; ದನಿ ತಡವಾಗಿ ತಲುಪುತ್ತದೆ, ತಾಳ ಕೂಡುವುದಿಲ್ಲ. ಒಬ್ಬರು ಹಾಡಿ ಮುಗಿಸಿದ ಮೇಲೆ ಇನ್ನೊಬ್ಬರು ಹೇಳಲಿ.