ವಿಮ್ ನಿಮ್ಮ ಸೆಟ್ಟಿಂಗ್ ಕೇಳುತ್ತಿಲ್ಲವೇ? ಅದನ್ನು ಬದಲಾಯಿಸಿದ್ದು ಯಾವ ಫೈಲ್ ಎಂದು ಮೊದಲು ಹುಡುಕಿ

ವಿಮ್ ಎಂಬ ಟೆಕ್ಸ್ಟ್ ಎಡಿಟರಿನ ಸೆಟ್ಟಿಂಗ್ ಫೈಲಾದ ವಿಮ್‌ಆರ್‌ಸಿಯಲ್ಲಿ ಶಿಫ್ಟ್‌ವಿಡ್ತ್ (ಇಂಡೆಂಟಿನ ಅಗಲ) 2 ಎಂದು ಬರೆದಿದ್ದೀರಿ, ಪೈಥಾನ್ ಫೈಲ್ ತೆರೆದರೆ ಇಂಡೆಂಟ್ 4 ಸ್ಪೇಸ್ ಜಾರುತ್ತದೆ. ಕಾಮೆಂಟ್ ಸಾಲಿನ ಕೊನೆಯಲ್ಲಿ ಎಂಟರ್ ಒತ್ತಿದರೆ ಮುಂದಿನ ಸಾಲಿಗೂ ಕಾಮೆಂಟ್ ಗುರುತು ಬರುವುದು ಬೇಡ ಎಂದಿದ್ದೀರಿ, ಸಿ ಫೈಲಿನಲ್ಲಿ ಬಂದೇ ಬರುತ್ತದೆ. ಇಂಥ ಹೊತ್ತಿನಲ್ಲಿ ಅದೇ ಸಾಲನ್ನು ವಿಮ್‌ಆರ್‌ಸಿಯ ಕೊನೆಗೆ ಇನ್ನೊಮ್ಮೆ ಬರೆದು ಪ್ರಯೋಜನವಿಲ್ಲ. ವಿಮ್ ನಿಮ್ಮ ಸಾಲನ್ನು ಓದಿಯೇ ಇರುತ್ತದೆ. ಅದಾದ ಮೇಲೆ ಬೇರೊಂದು ಸ್ಕ್ರಿಪ್ಟ್ ಬಂದು ಅದನ್ನು ಅಳಿಸಿ ತನ್ನದನ್ನು ಬರೆದಿರುತ್ತದೆ. ಆ ಸ್ಕ್ರಿಪ್ಟ್ ಯಾವುದೆಂದು ವಿಮ್ ತಾನೇ ಹೇಳುತ್ತದೆ, ಕೇಳಬೇಕಷ್ಟೆ.

(ಕಮಾಂಡುಗಳು ಇಲ್ಲಿ ಕನ್ನಡ ಅಕ್ಷರದಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.)

ಮೊದಲ ಕೆಲಸ: ವರ್ಬೋಸ್ ಸೆಟ್

ತೊಂದರೆ ಕೊಡುತ್ತಿರುವ ಫೈಲನ್ನೇ ತೆರೆಯಿರಿ. ಖಾಲಿ ವಿಮ್‌ನಲ್ಲಿ ನೋಡಿದರೆ ತಪ್ಪು ಉತ್ತರ ಸಿಗುತ್ತದೆ, ಏಕೆಂದರೆ ಇಂಥ ಸೆಟ್ಟಿಂಗ್ ಒಂದೊಂದು ಬಫರಿಗೂ (ತೆರೆದ ಫೈಲಿಗೂ) ಬೇರೆ ಬೇರೆ. ನಂತರ ಹೀಗೆ ಕೊಡಿ:

`:ವರ್ಬೋಸ್ ಸೆಟ್ ಶಿಫ್ಟ್‌ವಿಡ್ತ್?`

ಮೊದಲ ಸಾಲಿನಲ್ಲಿ ಈಗಿನ ಬೆಲೆ ಬರುತ್ತದೆ. ಎರಡನೆಯದರಲ್ಲಿ `ಲಾಸ್ಟ್ ಸೆಟ್ ಫ್ರಂ` ಎಂದು ಶುರುವಾಗಿ ಫೈಲಿನ ಪೂರ್ತಿ ಹಾದಿ, ಈಚಿನ ಆವೃತ್ತಿಗಳಲ್ಲಿ ಸಾಲಿನ ಸಂಖ್ಯೆಯೂ ಇರುತ್ತದೆ. ಮೇಲಿನ ಪೈಥಾನ್ ಪ್ರಸಂಗದಲ್ಲಿ ಅದು `/ಯುಎಸ್‌ಆರ್/ಶೇರ್/ವಿಮ್/ವಿಮ್91/ಎಫ್‌ಟಿಪ್ಲಗಿನ್/ಪೈಥಾನ್.ವಿಮ್` ಎಂದು ತೋರಿಸುತ್ತದೆ. ಇದು ವಿಮ್ ಜೊತೆಗೇ ಬರುವ ಫೈಲ್‌ಟೈಪ್ ಪ್ಲಗಿನ್, ಅಂದರೆ ಆ ಬಗೆಯ ಫೈಲ್ ತೆರೆದಾಗ ಓಡುವ ಸ್ಕ್ರಿಪ್ಟ್. ಪೈಥಾನ್‌ನ ಪೆಪ್ 8 ಶೈಲಿಯಂತೆ 4 ಸ್ಪೇಸ್ ಇಡುವುದೇ ಅದರ ಕೆಲಸ. ವಿಮ್‌ಆರ್‌ಸಿ ಓದಿದ್ದು ಮೊದಲು, ಫೈಲ್ ತೆರೆದಾಗ ಇದು ಓಡಿದ್ದು ಆಮೇಲೆ, ಹಾಗಾಗಿ ಇದರ ಮಾತೇ ನಿಲ್ಲುತ್ತದೆ. ಕಾಮೆಂಟ್ ಗುರುತಿನದೂ ಇದೇ ಕಥೆ: ಸಿ ಫೈಲ್‌ಟೈಪ್ ಪ್ಲಗಿನ್ `ಫಾರ್ಮ್ಯಾಟ್‌ಆಪ್ಷನ್ಸ್`‌ಗೆ ಹೊಸ ಸಾಲಿಗೂ ಕಾಮೆಂಟ್ ಗುರುತು ತರುವ ಆರ್ ಮತ್ತು ಓ ಅಕ್ಷರಗಳನ್ನು ಮತ್ತೆ ಸೇರಿಸುತ್ತದೆ.

`ಲಾಸ್ಟ್ ಸೆಟ್ ಫ್ರಂ ಮೋಡ್‌ಲೈನ್` ಎಂದು ಬಂದರೆ ಆ ಫೈಲಿನ ಮೊದಲ 5 ಅಥವಾ ಕೊನೆಯ 5 ಸಾಲುಗಳಲ್ಲೇ ಯಾರೋ ಸೆಟ್ಟಿಂಗ್ ಬರೆದಿಟ್ಟಿದ್ದಾರೆ ಎಂದರ್ಥ.

ಸರಿಪಡಿಸುವ ಜಾಗ

ವಿಮ್ ಜೊತೆ ಬಂದ ಫೈಲನ್ನು ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಹೋಗಿಬಿಡುತ್ತದೆ. ನಿಮ್ಮ ಮಾತು ಕೊನೆಯಲ್ಲಿ ಓಡುವಂತೆ ಮಾಡಿ. ಅದಕ್ಕೆಂದೇ ಆಫ್ಟರ್ ಫೋಲ್ಡರ್ ಇದೆ. `~/.ವಿಮ್/ಆಫ್ಟರ್/ಎಫ್‌ಟಿಪ್ಲಗಿನ್/ಪೈಥಾನ್.ವಿಮ್` ಎಂಬ ಫೈಲ್ ಮಾಡಿ, ಒಳಗೆ ಒಂದೇ ಸಾಲು:

`ಸೆಟ್‌ಲೋಕಲ್ ಶಿಫ್ಟ್‌ವಿಡ್ತ್=2 ಸಾಫ್ಟ್‌ಟ್ಯಾಬ್‌ಸ್ಟಾಪ್=2`

ಇಲ್ಲಿ ಬರೀ `ಸೆಟ್` ಬರೆದರೂ ಕೆಲಸ ಆದಂತೆ ಕಾಣುತ್ತದೆ, ಆದರೆ ಅದು ಗ್ಲೋಬಲ್ ಬೆಲೆಯನ್ನೂ ಬದಲಾಯಿಸುತ್ತದೆ. ಆಮೇಲೆ ತೆರೆಯುವ ಬೇರೆ ಫೈಲುಗಳಿಗೂ ಅದು ಅಂಟಿಕೊಂಡು, ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟವಾಗುತ್ತದೆ. `ಆಟೋಸಿಎಂಡಿ ಫೈಲ್‌ಟೈಪ್` (ಫೈಲಿನ ಬಗೆ ತಿಳಿದೊಡನೆ ತಾನಾಗಿ ಓಡುವ ಕಮಾಂಡ್) ಬಳಸುವವರು ಆ ಸಾಲನ್ನು `ಫೈಲ್‌ಟೈಪ್ ಪ್ಲಗಿನ್ ಆನ್` ಸಾಲಿನ ಕೆಳಗೇ ಇಡಬೇಕು. ಮೇಲಿಟ್ಟರೆ ನಿಮ್ಮದು ಮೊದಲು ಓಡಿ ಪ್ಲಗಿನ್ ನಂತರ ಓಡುತ್ತದೆ.

ವಿಮ್‌ಆರ್‌ಸಿಯನ್ನೇ ಓದುತ್ತಿಲ್ಲ ಅನಿಸಿದರೆ

`:ಸ್ಕ್ರಿಪ್ಟ್‌ನೇಮ್ಸ್` ಕೊಡಿ. ಓದಿದ ಫೈಲುಗಳೆಲ್ಲ ಓದಿದ ಕ್ರಮದಲ್ಲೇ ಸಾಲಾಗಿ ಬರುತ್ತವೆ. ನಿಮ್ಮದು ಪಟ್ಟಿಯಲ್ಲಿ ಇಲ್ಲದಿದ್ದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು:

- `~/.ವಿಮ್‌ಆರ್‌ಸಿ` ಮತ್ತು `~/.ವಿಮ್/ವಿಮ್‌ಆರ್‌ಸಿ` ಎರಡೂ ಇವೆ. ಮೊದಲನೆಯದು ಸಿಕ್ಕರೆ ವಿಮ್ ಎರಡನೆಯದನ್ನು ಮುಟ್ಟುವುದಿಲ್ಲ.
- ಶೆಲ್‌ನಲ್ಲಿ ವಿಮ್‌ಇನಿಟ್ (ದೊಡ್ಡಕ್ಷರ) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಇದ್ದರೆ ಅದಕ್ಕೇ ಮೊದಲ ಮಣೆ, ವಿಮ್‌ಆರ್‌ಸಿಗೆ ಸರದಿ ಬರುವುದೇ ಇಲ್ಲ.
- `ಸುಡೊ ವಿಮ್` ಎಂದು ತೆರೆದಿದ್ದೀರಿ, ಅದು ರೂಟ್‌ನ ಹೋಮ್ ಫೋಲ್ಡರ್ ನೋಡುತ್ತಿದೆ. ಬದಲಿಗೆ `ಸುಡೊಎಡಿಟ್` ಬಳಸಿ: ಎಡಿಟರ್ ನಿಮ್ಮ ಹೆಸರಿನಲ್ಲೇ ಓಡುತ್ತದೆ, ಸೆಟ್ಟಿಂಗೂ ನಿಮ್ಮದೇ.
- ಉಬುಂಟು, ಡೆಬಿಯನ್‌ಗಳಲ್ಲಿ ಮೊದಲೇ ಇರುವುದು ಸಾಮಾನ್ಯವಾಗಿ ವಿಮ್ ಟೈನಿ ಎಂಬ ಚಿಕ್ಕ ಆವೃತ್ತಿ. `ವಿಐ --ವರ್ಷನ್` ಕೊಟ್ಟು ನೋಡಿ, `ಇವಲ್` ಪದದ ಮುಂದೆ ಮೈನಸ್ ಇದ್ದರೆ ಅದೇ. ಇಫ್, ಲೆಟ್, ಫಂಕ್ಷನ್ ಯಾವುದೂ ಅದರಲ್ಲಿ ನಡೆಯುವುದಿಲ್ಲ. ಇಲ್ಲಿ ಹೇಳಿದ ವರ್ಬೋಸ್ ಉಪಾಯವೂ ಫಲ ಕೊಡುವುದಿಲ್ಲ. `ಸುಡೊ ಆಪ್ಟ್ ಇನ್‌ಸ್ಟಾಲ್ ವಿಮ್` ಮಾಡಿ ಮುಂದುವರಿಯಿರಿ.

ಡಿಫಾಲ್ಟ್ಸ್.ವಿಮ್

ಬಹಳ ಜನರ ತಲೆ ತಿನ್ನುವುದು ಇದು. 2016ರಲ್ಲಿ ಬಂದ ವಿಮ್ 8ರಿಂದ ಒಂದು ನಿಯಮವಿದೆ: ಬಳಕೆದಾರರ ವಿಮ್‌ಆರ್‌ಸಿ ಇಲ್ಲದಿದ್ದರೆ ಮಾತ್ರ ಡಿಫಾಲ್ಟ್ಸ್.ವಿಮ್ ಓದುತ್ತದೆ. ಸಿಂಟ್ಯಾಕ್ಸ್ ಬಣ್ಣ, ಮೌಸ್, ಸ್ಕ್ರೋಲ್‌ಆಫ್ 5, ಬ್ಯಾಕ್‌ಸ್ಪೇಸ್ ನಡವಳಿಕೆ ಎಲ್ಲ ಬರುವುದು ಅದರಿಂದ. ನೀವು ಒಂದೇ ಸಾಲಿನ ವಿಮ್‌ಆರ್‌ಸಿ ಮಾಡಿದರೂ, ಖಾಲಿಯೇ ಇಟ್ಟರೂ, ಅದು ಇದೆಯೆಂಬ ಕಾರಣಕ್ಕೇ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಲೈನ್ ನಂಬರ್ ಹಾಕಿದ್ದಕ್ಕೆ ಬಣ್ಣ ಹೋಯಿತಲ್ಲ ಎಂದು ಗಾಬರಿಯಾಗುವುದು ಹೀಗೆ. ಎರಡನ್ನೂ ಉಳಿಸಿಕೊಳ್ಳಲು ವಿಮ್‌ಆರ್‌ಸಿಯ ತಲೆಯಲ್ಲಿ ಇದನ್ನು ಹಾಕಿ (ಡಾಲರ್ ಚಿಹ್ನೆಯ ನಂತರದ ಹೆಸರು ದೊಡ್ಡಕ್ಷರ):

`ಸೋರ್ಸ್ $ವಿಮ್‌ರನ್‌ಟೈಮ್/ಡಿಫಾಲ್ಟ್ಸ್.ವಿಮ್`

ಸರ್ವರ್ ನೋಡಿಕೊಳ್ಳುವವರಿಗೆ ಇದರ ಉಲ್ಟಾ ತೊಂದರೆ. ಎಲ್ಲರಿಗೂ ಮೌಸ್ ಬೇಡವೆಂದು `/ಇಟಿಸಿ/ವಿಮ್/ವಿಮ್‌ಆರ್‌ಸಿ.ಲೋಕಲ್`‌ನಲ್ಲಿ ಬರೆದರೂ ಮೌಸ್ ಆನ್ ಆಗಿಯೇ ಇರುತ್ತದೆ. ಸಿಸ್ಟಂ ಫೈಲ್ ಓದಿದ ಮೇಲೆ, ಸ್ವಂತ ವಿಮ್‌ಆರ್‌ಸಿ ಇಲ್ಲದ ಬಳಕೆದಾರರಿಗೆ ಡಿಫಾಲ್ಟ್ಸ್.ವಿಮ್ ಓಡಿ ಅದನ್ನು ತಿರುಗಿಸುತ್ತದೆ. ಅದೇ ಫೈಲಿನಲ್ಲಿ `ಲೆಟ್ ಜಿ:ಸ್ಕಿಪ್_ಡಿಫಾಲ್ಟ್ಸ್_ವಿಮ್ = 1` ಸೇರಿಸಿದರೆ ನಿಲ್ಲುತ್ತದೆ.

ಫೈಲ್ ಓದಿದೆ, ಸಾಲು ಮಾತ್ರ ಕೆಲಸ ಮಾಡುತ್ತಿಲ್ಲ

`ಎಕ್ಸ್‌ಪ್ಯಾಂಡ್‌ಟ್ಯಾಬ್` ಇಟ್ಟರೂ ಟ್ಯಾಬೇ ಬೀಳುತ್ತಿದ್ದರೆ, ಇನ್ಸರ್ಟ್ ಮೋಡ್‌ಗೆ ಹೋಗಿ ಪರದೆಯ ಕೆಳಗೆ ನೋಡಿ. ಅಲ್ಲಿ `ಪೇಸ್ಟ್` ಪದ ಕಂಡರೆ ಯಾರೋ `ಸೆಟ್ ಪೇಸ್ಟ್` ಅನ್ನು ವಿಮ್‌ಆರ್‌ಸಿಯಲ್ಲಿ ಕಾಯಂ ಮಾಡಿದ್ದಾರೆ. ಪೇಸ್ಟ್ ಆನ್ ಇದ್ದಷ್ಟು ಹೊತ್ತು ಎಕ್ಸ್‌ಪ್ಯಾಂಡ್‌ಟ್ಯಾಬ್, ಆಟೋಇಂಡೆಂಟ್ ಬಂದ್, ಟೆಕ್ಸ್ಟ್‌ವಿಡ್ತ್ 0, ಇನ್ಸರ್ಟ್ ಮೋಡ್ ಮ್ಯಾಪಿಂಗ್‌ಗಳೂ ಇಲ್ಲ. ಆ ಸಾಲನ್ನು ತೆಗೆಯಿರಿ.

`ಸೆಟ್` ಸಾಲಿನಲ್ಲಿ ಸಮ ಚಿಹ್ನೆಯ ನಂತರ ಸ್ಪೇಸ್ ಇರಕೂಡದು. ಮ್ಯಾಪ್ (ಕೀಲಿಗೆ ಕೆಲಸ ಜೋಡಿಸುವ) ಸಾಲಿನ ಕೊನೆಗೆ ಕಾಮೆಂಟ್ ಬರೆದರೆ ಅದೂ ಮ್ಯಾಪಿಂಗ್‌ನ ಭಾಗವಾಗುತ್ತದೆ, ಕಾಮೆಂಟನ್ನು ಮೇಲಿನ ಸಾಲಿಗೆ ಹಾಕಿ. ವಿಂಡೋಸ್‌ನಿಂದ ತಂದ ವಿಮ್‌ಆರ್‌ಸಿ ಲಿನಕ್ಸ್‌ನಲ್ಲಿ ಸಾಲುಸಾಲಿಗೂ ಎರರ್ ಕೊಟ್ಟರೆ ಅದನ್ನು ತೆರೆದು `:ಸೆಟ್ ಫೈಲ್‌ಫಾರ್ಮ್ಯಾಟ್=ಯುನಿಕ್ಸ್` ಕೊಟ್ಟು ಉಳಿಸಿ.

ಕನ್ನಡ ಫೈಲ್ ತೆರೆದಾಗ ಅಕ್ಷರವೆಲ್ಲ ಚಿತ್ರವಿಚಿತ್ರ ಲ್ಯಾಟಿನ್ ಚಿಹ್ನೆಗಳಾಗಿ ಕಂಡರೆ, ಅದೂ ಎಸ್‌ಎಸ್‌ಎಚ್ ಅಥವಾ ಕಂಟೇನರ್ ಒಳಗೆ ಮಾತ್ರ, ಮೊದಲು `:ಸೆಟ್ ಎನ್‌ಕೋಡಿಂಗ್?` ನೋಡಿ. ವಿಮ್ ಇದನ್ನು ಲೊಕೇಲ್‌ನಿಂದ (ಸಿಸ್ಟಂನ ಭಾಷೆಯ ಸೆಟ್ಟಿಂಗ್) ತಿಳಿದುಕೊಳ್ಳುತ್ತದೆ. ಲೊಕೇಲ್ ಬರೀ ಸಿ ಆಗಿದ್ದರೆ ಲ್ಯಾಟಿನ್1 ಎಂದುಕೊಳ್ಳುತ್ತದೆ. ವಿಮ್‌ಆರ್‌ಸಿಯ ಮೊದಲ ಸಾಲಾಗಿ `ಸೆಟ್ ಎನ್‌ಕೋಡಿಂಗ್=ಯುಟಿಎಫ್-8` ಇಟ್ಟು ವಿಮ್ ಮುಚ್ಚಿ ತೆರೆಯಿರಿ.

ಇನ್ನೂ ಸಿಗದಿದ್ದರೆ

`ವಿಮ್ --ಕ್ಲೀನ್ ಫೈಲ್‌ಹೆಸರು` ಕೊಡಿ. ತೊಂದರೆ ಅಲ್ಲೂ ಇದ್ದರೆ ನಿಮ್ಮ ಸೆಟ್ಟಿಂಗ್‌ನದ್ದಲ್ಲ. ಹೋದರೆ `ವಿಮ್ --ನೋಪ್ಲಗಿನ್ ಫೈಲ್‌ಹೆಸರು`: ಇದರಲ್ಲಿ ವಿಮ್‌ಆರ್‌ಸಿ ಓದುತ್ತದೆ, ಪ್ಲಗಿನ್ ಲೋಡ್ ಆಗುವುದಿಲ್ಲ. ಈಗಲೂ ತೊಂದರೆ ಇದ್ದರೆ ವಿಮ್‌ಆರ್‌ಸಿಯ ನಡುಮಧ್ಯ `ಫಿನಿಶ್` ಎಂದು ಒಂದು ಸಾಲು ಹಾಕಿ. ವಿಮ್ ಅಲ್ಲಿಗೇ ಓದು ನಿಲ್ಲಿಸುತ್ತದೆ. ತೊಂದರೆ ಉಳಿದರೆ ಮೇಲಿನ ಅರ್ಧ, ಹೋದರೆ ಕೆಳಗಿನ ಅರ್ಧ. ಹೀಗೇ ಅರ್ಧರ್ಧ ಮಾಡುತ್ತ ಹೋದರೆ 200 ಸಾಲಿನ ಫೈಲಿನಲ್ಲೂ ಎಂಟನೇ ಸಲಕ್ಕೆ ಸಾಲು ಸಿಗುತ್ತದೆ.

`-ಯು` ಕೊಟ್ಟು ಬೇರೆ ವಿಮ್‌ಆರ್‌ಸಿ ಪರೀಕ್ಷಿಸುವವರು ಜೊತೆಗೆ ದೊಡ್ಡಕ್ಷರದ `-ಎನ್` ಕೊಡಬೇಕು. ಇಲ್ಲದಿದ್ದರೆ ವಿಮ್ ಕಂಪ್ಯಾಟಿಬಲ್ ಮೋಡ್‌ನಲ್ಲಿ (ಹಳೆಯ ವಿಐ ಥರ) ಶುರುವಾಗಿ ಬೇರೆಯೇ ತೊಂದರೆಗಳನ್ನು ತೋರಿಸುತ್ತದೆ.

ಕೊನೆಯ ಅಸ್ತ್ರ ಲಾಗ್: `ವಿಮ್ -ವಿ15/ಟಿಎಂಪಿ/ವಿಮ್.ಲಾಗ್ ಫೈಲ್‌ಹೆಸರು`. ವಿ ದೊಡ್ಡಕ್ಷರ, ಸಂಖ್ಯೆಗೂ ಹಾದಿಗೂ ನಡುವೆ ಸ್ಪೇಸ್ ಇಲ್ಲ. 2 ಕೊಟ್ಟರೆ ಓದಿದ ಫೈಲುಗಳು, 9 ಕೊಟ್ಟರೆ ಆಟೋಕಮಾಂಡ್‌ಗಳೂ, 15 ಕೊಟ್ಟರೆ ಸ್ಕ್ರಿಪ್ಟ್‌ಗಳ ಪ್ರತಿ ಸಾಲೂ ಬರುತ್ತದೆ. ಲಾಗ್ ತೆರೆದು ಆಪ್ಷನ್‌ನ ಪೂರ್ಣ ಹೆಸರು ಹುಡುಕಿ, ನಂತರ ಗಿಡ್ಡ ಹೆಸರು ಎಸ್‌ಡಬ್ಲ್ಯು ಎಂದೂ ಹುಡುಕಿ. ಪ್ಲಗಿನ್ ಬರೆಯುವವರು ಎರಡನ್ನೂ ಬಳಸುತ್ತಾರೆ.