ರಿಮ್ಮೋ ಡಿಸ್ಕೋ: ಘಟ್ಟದ ಮಳೆಗೆ ಸೈಕಲ್ ಬ್ರೇಕ್ ಆರಿಸಿದ ಲೆಕ್ಕ

ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಚಕ್ರವೇ ಬ್ರೇಕಿನ ಅರ್ಧ ಭಾಗ. ಪ್ಯಾಡ್ ಬಂದು ಹಿಡಿಯುವುದು ರಿಮ್ಮಿನ ಪಕ್ಕೆಯನ್ನು. ಪ್ಯಾಡಿನ ಜೊತೆಗೆ ಆ ಪಕ್ಕೆಯೂ ಸವೆಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಸವೆಯುವ ತಟ್ಟೆ ಚಕ್ರದ ನಡುವಿನ ಹಬ್ಬಿನ ಮೇಲೆ ಬೇರೆಯಾಗಿ ಕೂತಿರುತ್ತದೆ, ಆರು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಹಾಗಾಗಿ ಆಯ್ಕೆಗೆ ಕೂತಾಗ ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ನನ್ನ ದಾರಿಯ ಕೆಸರು ಏನನ್ನು ತಿಂದುಹಾಕಿದರೆ ನನಗೆ ಪರವಾಗಿಲ್ಲ, ಇಡೀ ಚಕ್ರವನ್ನೋ ಒಂದು ತಟ್ಟೆಯನ್ನೋ?

ದಾರಿ ಎಂದರೆ ತೀರ್ಥಹಳ್ಳಿ, ಆಗುಂಬೆ, ಘಟ್ಟ ಇಳಿದು ಸೋಮೇಶ್ವರ, ಹೆಬ್ರಿ. ಜೂನಿನಿಂದ ಸೆಪ್ಟೆಂಬರ್ ತನಕ ರಸ್ತೆ ಒಣಗುವ ದಿನವೇ ಕಡಿಮೆ. ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 90 ಕೆಜಿ ಎಂದು ಹಿಡಿಯಿರಿ, ಇಳಿತ 500 ಮೀಟರ್ ಎಂದುಕೊಳ್ಳಿ. ಕೆಳಗೆ ಬರುವಷ್ಟರಲ್ಲಿ ಸುಮಾರು 440 ಕಿಲೋಜೂಲ್ ಶಕ್ತಿ ಎಲ್ಲಾದರೂ ಕರಗಲೇಬೇಕು. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಾಖ ಅದು. ನೇರ ರಸ್ತೆಯಲ್ಲಿ ವೇಗ ಬಿಟ್ಟರೆ ದೊಡ್ಡ ಪಾಲನ್ನು ಗಾಳಿ ತಿನ್ನುತ್ತದೆ. ತಿರುವಿನ ಮೇಲೆ ತಿರುವು ಬಂದು ನಿಧಾನವಾಗಿ ಇಳಿಯಬೇಕಾದಾಗ ಹೆಚ್ಚುಕಡಿಮೆ ಪೂರ್ತಿ ಹೊರೆ ಬ್ರೇಕಿನ ಮೇಲೆಯೇ.

ಯಾವುದು ಹೆಚ್ಚು ಜೋರಾಗಿ ಹಿಡಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಒಣ ರಸ್ತೆಯಲ್ಲಿ ಸರಿಯಾಗಿ ಕೂರಿಸಿದ ವಿ-ಬ್ರೇಕ್ (ಎರಡು ತೋಳು ಎರಡು ಬದಿಯಿಂದ ಒತ್ತುವ ರಿಮ್ ಬ್ರೇಕ್) ಹಿಂದಿನ ಚಕ್ರವನ್ನು ನೆಲದಿಂದ ಎತ್ತುವಷ್ಟು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಯಾರಿಗೂ ಬೇಕಿಲ್ಲ. ವ್ಯತ್ಯಾಸ ಕಾಣುವುದು ನೀರು ಬಿದ್ದ ಮೇಲೆ. ರಿಮ್ ಒದ್ದೆಯಾಗಿದ್ದರೆ ಪ್ಯಾಡ್ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿತ. 700×28 ಟೈರಿನ ಚಕ್ರ ಒಂದು ಸುತ್ತಿಗೆ 2.1 ಮೀಟರ್ ಹೋಗುತ್ತದೆ. ಒರೆಸಲು ಎರಡು ಸುತ್ತು ಬೇಕಾದರೆ ಬ್ರೇಕ್ ಹಿಡಿಯುವ ಮೊದಲೇ ನಾಲ್ಕು ಮೀಟರ್ ಹೋಯಿತು. ಡಿಸ್ಕಿನ ತಟ್ಟೆ ನೆಲದಿಂದ ದೂರ ಇರುತ್ತದೆ, ಪ್ಯಾಡ್ ಗಟ್ಟಿ, ಮೇಲಾಗಿ ತಟ್ಟೆಯ ತೂತುಗಳು ನೀರಿಗೆ ಜಾಗ ಕೊಡುತ್ತವೆ. ಒದ್ದೆಯಲ್ಲಿ ಮೊದಲ ಕ್ಷಣ ಕಿರುಗುಟ್ಟಬಹುದು, ಆದರೆ ಹಿಡಿಯುತ್ತದೆ.

ನೀರಿಗಿಂತ ದೊಡ್ಡ ಶತ್ರು ಕೆಂಪು ಮಣ್ಣು. ಮಳೆಯಲ್ಲಿ ಒಂದು ದಿನ ಓಡಿಸಿದ ವಿ-ಬ್ರೇಕಿನ ಪ್ಯಾಡನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಕಪ್ಪು ರಬ್ಬರಿನ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆಗಳು ಮಿನುಗುತ್ತವೆ. ಅದು ಮರಳಲ್ಲ, ನಿಮ್ಮ ರಿಮ್ಮೇ. ಮಣ್ಣಿನ ಹರಳು ಅಲ್ಯುಮಿನಿಯಂ ಚೂರನ್ನು ಕೆತ್ತಿ ಪ್ಯಾಡಿನೊಳಗೆ ಹುಗಿದಿರುತ್ತದೆ. ಇನ್ನು ಮೇಲೆ ಲೋಹದ ಮೇಲೆ ಲೋಹ ಉಜ್ಜುತ್ತದೆ. ಕರಕರ ಸದ್ದು ಬರುವುದು ಅದರಿಂದ. ದಬ್ಬಣದ ತುದಿಯಿಂದ ಒಂದೊಂದನ್ನೂ ಕಿತ್ತು, ಮೇಲ್ಮೈಯನ್ನು 120 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಬೇಕು. ಮಳೆಗಾಲದಲ್ಲಿ ನಾನಿದನ್ನು ವಾರಕ್ಕೊಮ್ಮೆ ಮಾಡುತ್ತೇನೆ. ಹಾಗೆ ಬಿಟ್ಟರೆ ಪಕ್ಕೆಯಲ್ಲಿ ಉದ್ದುದ್ದ ಗೆರೆ ಬೀಳುತ್ತದೆ, ಆಮೇಲೆ ಹೊಸ ಪ್ಯಾಡ್ ಹಾಕಿದರೂ ಸವೆತ ನಿಲ್ಲುವುದಿಲ್ಲ.

ರಿಮ್ ಎಷ್ಟು ಸವೆದಿದೆ ಎಂದು ತಿಳಿಯಲು ಸ್ಟೀಲ್ ಸ್ಕೇಲನ್ನು ಪಕ್ಕೆಗೆ ಅಡ್ಡವಾಗಿ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿಯಿರಿ. ನಡುವೆ ಬೆಳಕು ತೂರಿ ಬಂದರೆ ಪಕ್ಕೆ ಒಳಕ್ಕೆ ಕುಳಿಬಿದ್ದಿದೆ. ಹಲವು ರಿಮ್ಮುಗಳಲ್ಲಿ ಸುತ್ತಲೂ ಒಂದು ತೋಡುಗೆರೆಯೋ ಸಣ್ಣ ಗುಳಿಯೋ ಇರುತ್ತದೆ. ಅದು ಮಾಸಿತೆಂದರೆ ರಿಮ್ಮಿನ ಆಯುಸ್ಸು ಮುಗಿಯಿತು. ಅದೃಷ್ಟ ನೋಡುತ್ತಾ ಓಡಿಸಬೇಡಿ. ತೆಳುವಾದ ಪಕ್ಕೆಯನ್ನು ಟೈರಿನ ಗಾಳಿ ಒಳಗಿನಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಅದು ಸೀಳುವುದು ಬ್ರೇಕ್ ಒತ್ತಿ ಬಿಸಿಯಾದ ಹೊತ್ತಿನಲ್ಲೇ, ಅಂದರೆ ಇಳಿಜಾರಿನಲ್ಲೇ.

ಹಳೆಯ ಸೈಕಲ್ ಅಥವಾ ಅಗ್ಗದ ಸೈಕಲ್ ಕೊಳ್ಳುವವರು ಜೇಬಿನಲ್ಲಿ ಒಂದು ಅಯಸ್ಕಾಂತದ ಚೂರು ಇಟ್ಟುಕೊಂಡು ಹೋಗಿ. ರಿಮ್ಮಿಗೆ ಅಂಟಿಕೊಂಡರೆ ಅದು ಕ್ರೋಮ್ ಹೊಡೆದ ಸ್ಟೀಲ್. ಒದ್ದೆಯಾದ ಕ್ರೋಮಿನ ಮೇಲೆ ರಬ್ಬರ್ ಜಾರುತ್ತದೆ, ಯಾವ ದುಬಾರಿ ಪ್ಯಾಡ್ ಹಾಕಿದರೂ ಅಷ್ಟೇ. ಮಳೆ ನಾಡಿಗೆ ಆ ಚಕ್ರ ಬೇಡವೇ ಬೇಡ. ಅಲ್ಯುಮಿನಿಯಂ ರಿಮ್ಮಿಗೆ ಬದಲಾಯಿಸಿದರೆ ಅದೇ ಬ್ರೇಕ್ ಬೇರೆಯೇ ಬ್ರೇಕಿನಂತೆ ನಡೆಯುತ್ತದೆ.

ಇಷ್ಟೆಲ್ಲ ಹೇಳಿಯೂ ಬಯಲುಸೀಮೆಗೆ ನನ್ನ ಮಾತು ವಿ-ಬ್ರೇಕಿನ ಪರವೇ. ಚಿತ್ರದುರ್ಗ, ರಾಯಚೂರಿನ ಒಣ ರಸ್ತೆಯಲ್ಲಿ ಒಂದು ಜೊತೆ ರಿಮ್ ವರ್ಷಗಟ್ಟಲೆ ಬರುತ್ತದೆ, ತೂಕ ಕಡಿಮೆ, ಬಿಡಿಭಾಗ ಯಾವ ಊರಿನ ಸೈಕಲ್ ಶಾಪಿನಲ್ಲೂ ಸಿಗುತ್ತದೆ. ಕೂರಿಸುವಾಗ ಮೂರು ಕಡೆ ತಪ್ಪಾಗುತ್ತದೆ. ಪ್ಯಾಡಿನ ಮುಂದಿನ ತುದಿ ಮೊದಲು ತಾಗಬೇಕು. ಹಿಂದಿನ ತುದಿಯ ಕೆಳಗೆ 1 ಮಿಮೀ ದಪ್ಪದ ರಟ್ಟು ಇಟ್ಟು ಲಿವರ್ ಒತ್ತಿ ಹಿಡಿದು ನಟ್ ಬಿಗಿ ಮಾಡಿ, ಕಿರುಚಾಟ ನಿಲ್ಲುತ್ತದೆ. ಎರಡು ಬದಿಯೂ ಒಂದೊಂದು ಮಿಮೀ ಅಂತರ ಬರುವಂತೆ ತೋಳಿನ ಬುಡದ ಸ್ಪ್ರಿಂಗ್ ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ. ಪ್ಯಾಡ್ ಟೈರಿಗೆ ಎಲ್ಲೂ ತಾಗಬಾರದು. ತಾಗಿದರೆ ಟೈರಿನ ಗೋಡೆ ತೂತಾಗುತ್ತದೆ. ಲಿವರ್ ಕೂಡ ಜೋಡಿ ನೋಡಿಯೇ ಹಾಕಬೇಕು. ವಿ-ಬ್ರೇಕಿಗೆ ಹೆಚ್ಚು ವೈರ್ ಎಳೆಯುವ ಲಿವರ್ ಬೇಕು. ಬಾಗಿದ ಹ್ಯಾಂಡಲಿನ ರೋಡ್ ಲಿವರ್ ಕಟ್ಟಿದರೆ ಅದು ಹ್ಯಾಂಡಲಿಗೆ ಬಂದು ತಾಗುತ್ತದೆ, ಬ್ರೇಕ್ ಮಾತ್ರ ಹಿಡಿಯುವುದಿಲ್ಲ.

ಗುಂಡಿ ರಸ್ತೆಯ ಸಂಗತಿಯೂ ಒಂದಿದೆ. ಒಂದು ಕಡ್ಡಿ ಮುರಿದು ಚಕ್ರ ಔಟ್ ಆದರೆ ರಿಮ್ ಪ್ಯಾಡಿಗೆ ಉಜ್ಜುತ್ತದೆ, ಬ್ರೇಕ್ ಬಿಚ್ಚಿಟ್ಟು ಮನೆ ಸೇರಬೇಕು. ಡಿಸ್ಕ್ ಸೈಕಲ್ಲಿನಲ್ಲಿ ಚಕ್ರ ಅಲ್ಲಾಡುತ್ತಿದ್ದರೂ ಹಬ್ ನೆಟ್ಟಗಿರುವುದರಿಂದ ಬ್ರೇಕಿಗೆ ಅದು ಗೊತ್ತೇ ಆಗುವುದಿಲ್ಲ.

ಹೀಗೆ ಮಳೆಯ ಸೈಕಲ್ಲಿಗೆ ಡಿಸ್ಕ್ ಎಂದು ತೀರ್ಮಾನವಾಯಿತು. ಮುಂದಿನ ಪ್ರಶ್ನೆ, ವೈರಿನದೋ ಆಯಿಲಿನದೋ. ಆಯಿಲ್ ಬ್ರೇಕ್ ಎರಡು ಬೆರಳಿಗೆ ಹಗುರವಾಗಿ ಹಿಡಿಯುತ್ತದೆ, ಪ್ಯಾಡ್ ಸವೆದಂತೆ ತಾನೇ ಅಂತರ ಸರಿಮಾಡಿಕೊಳ್ಳುತ್ತದೆ. ಹತ್ತಿರದಲ್ಲಿ ಒಳ್ಳೆಯ ಶಾಪ್ ಇರುವವರಿಗೆ, ಕೈಯಲ್ಲಿ ಬಲ ಕಡಿಮೆ ಇರುವವರಿಗೆ ಅದೇ ಸರಿ. ಆದರೆ ಪೈಪ್ ಸೀಳಿದರೆ ಹೆಬ್ರಿಯ ರಸ್ತೆ ಬದಿಯಲ್ಲಿ ಮಾಡಲಿಕ್ಕೆ ಏನೂ ಇಲ್ಲ. ಇನ್ನೊಂದು ಅಪಾಯ ಎಣ್ಣೆಯದೇ. ಶಿಮಾನೊ, ಟೆಕ್ಟ್ರೊ ಬ್ರೇಕುಗಳಿಗೆ ಮಿನರಲ್ ಆಯಿಲ್ ಹಾಕಬೇಕು. ಸ್ರ್ಯಾಮಿನ ಹಲವು ಮಾದರಿಗಳಿಗೆ ಡಾಟ್ 5.1. ಮೋಟಾರ್ ಬೈಕ್ ಮೆಕ್ಯಾನಿಕ್ ಹತ್ತಿರ ಇರುವುದು ಡಾಟ್ ಆಯಿಲ್. ಅದನ್ನು ಮಿನರಲ್ ಬ್ರೇಕಿಗೆ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಲಿವರ್, ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದಿರುವ ಭಾಗ) ಎರಡೂ ಹಾಳು. ಲಿವರಿನ ಮುಚ್ಚಳದ ಮೇಲೆ ಬರೆದಿರುವುದನ್ನು ಓದದೆ ಯಾರ ಕೈಗೂ ಸೈಕಲ್ ಕೊಡಬೇಡಿ.

ನಾನು ವೈರಿನ ಡಿಸ್ಕ್ ಆರಿಸಿದೆ, ಮುಂದೆ ಹಿಂದೆ 160 ಮಿಮೀ ತಟ್ಟೆ. ಸಾಮಾನು ಹೇರುವವರು, 100 ಕೆಜಿ ದಾಟುವವರು ಮುಂದೆ 180 ಹಾಕಿಕೊಳ್ಳಬಹುದು. ಹಿಡಿತ ಎಂಟನೇ ಒಂದು ಪಾಲು ಏರುತ್ತದೆ, ಶಾಖ ಹರಡಲು ಜಾಗವೂ ಹೆಚ್ಚು. ಫೋರ್ಕ್ ಎಷ್ಟು ದೊಡ್ಡ ತಟ್ಟೆಗೆ ಒಪ್ಪಿದೆ ಎಂದು ಮೊದಲು ನೋಡಿ.

ವೈರ್ ಡಿಸ್ಕಿನ ಹೆಚ್ಚಿನ ಮಾದರಿಗಳಲ್ಲಿ ಒಂದು ಪ್ಯಾಡ್ ಮಾತ್ರ ಚಲಿಸುತ್ತದೆ, ಒಳಗಡೆಯದು ಗೋಡೆಯಂತೆ ನಿಂತಿರುತ್ತದೆ. ಚಲಿಸುವ ಪ್ಯಾಡ್ ತಟ್ಟೆಯನ್ನು ಸ್ವಲ್ಪ ಬಗ್ಗಿಸಿ ಆ ಗೋಡೆಗೆ ಒತ್ತುತ್ತದೆ. ಇದು ಅರ್ಥವಾದರೆ ಕೂರಿಸುವ ಕ್ರಮ ತಾನಾಗಿಯೇ ಹೊಳೆಯುತ್ತದೆ: ನಿಂತ ಪ್ಯಾಡ್ ತಟ್ಟೆಗೆ ಆದಷ್ಟು ಹತ್ತಿರ ಇರಬೇಕು. ತಟ್ಟೆಯ ಆರು ಟಿ25 (ನಕ್ಷತ್ರದಾಕಾರದ ಗುಳಿಯ) ಬೋಲ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಶಿಮಾನೊ ಹೇಳುವುದು 2ರಿಂದ 4 ನ್ಯೂಟನ್ ಮೀಟರ್. ಕ್ಯಾಲಿಪರಿನ ಎರಡು ಬೋಲ್ಟನ್ನು ಅದು ಅಲ್ಲಾಡುವಷ್ಟು ಸಡಿಲಿಸಿ. ನಿಂತ ಪ್ಯಾಡಿಗೂ ತಟ್ಟೆಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ. ಲಿವರ್ ಬಲವಾಗಿ ಒತ್ತಿ ರಬ್ಬರ್ ಬ್ಯಾಂಡ್ ಸುತ್ತಿ ಹಾಗೇ ಬಿಡಿ. ಈಗ ಎರಡು ಬೋಲ್ಟನ್ನು ಅದಕ್ಕರ್ಧ ಇದಕ್ಕರ್ಧ ಸುತ್ತು ತಿರುಗಿಸುತ್ತಾ 6ರಿಂದ 8 ನ್ಯೂಟನ್ ಮೀಟರಿಗೆ ತನ್ನಿ. ಒಂದನ್ನೇ ಪೂರ್ತಿ ಬಿಗಿದರೆ ಕ್ಯಾಲಿಪರ್ ತಿರುಚಿಕೊಳ್ಳುತ್ತದೆ. ಕಾರ್ಡ್ ಎಳೆದು ತೆಗೆದರೆ ಬೇಕಾದ ಅಂತರ ಸಿಕ್ಕಿತು. ಚಕ್ರ ತಿರುಗಿಸಿ ಕಿವಿಗೊಡಿ. ಸುತ್ತಿಗೊಮ್ಮೆ ಸುಯ್ ಎಂದರೆ ತಟ್ಟೆ ಬಾಗಿದೆ. ಆ ಜಾಗಕ್ಕೆ ಗುರುತು ಹಾಕಿ, ಅಡ್ಜಸ್ಟಬಲ್ ಸ್ಪ್ಯಾನರಿನ ಬಾಯಿಗೆ ಶುಭ್ರ ಕಾಗದ ಸುತ್ತಿ, ಕೂದಲೆಳೆಯಷ್ಟು ಬಗ್ಗಿಸಿ ಸರಿಮಾಡಬಹುದು.

ಪ್ಯಾಡ್ ಸವೆದಾಗ ಬಹಳ ಜನ ವೈರ್ ಮಾತ್ರ ಬಿಗಿ ಮಾಡುತ್ತಾ ಹೋಗುತ್ತಾರೆ. ಅದರಿಂದ ಕ್ಯಾಲಿಪರಿನ ತೋಳು ಮೊದಲೇ ಅರ್ಧ ತಿರುಗಿ ನಿಲ್ಲುತ್ತದೆ, ಬಲ ಕುಗ್ಗುತ್ತದೆ, ತಟ್ಟೆ ಹೆಚ್ಚು ಹೆಚ್ಚು ಬಗ್ಗಬೇಕಾಗುತ್ತದೆ. ಮೊದಲು ನಿಂತ ಪ್ಯಾಡಿನ ಸ್ಕ್ರೂ, ಆಮೇಲೆ ವೈರು. ಪ್ಯಾಡಿನ ಮಸಾಲೆ (ಉಜ್ಜುವ ಪದರ) 0.5 ಮಿಮೀಗೆ ಬಂದರೆ ಬದಲಿಸಬೇಕು. ಶಿಮಾನೊ ತಟ್ಟೆ ಹೊಸತರಲ್ಲಿ 1.8 ಮಿಮೀ ದಪ್ಪ, 1.5ಕ್ಕೆ ಇಳಿದರೆ ಅದಕ್ಕೂ ವಿದಾಯ.

ವೈರಿನ ಔಟರ್ (ಹೊರಕವಚ) ಲಿವರಿನಿಂದ ಕ್ಯಾಲಿಪರ್ ತನಕ ಎಲ್ಲೂ ತುಂಡಾಗದೆ ಹೋಗಲಿ, ಕೆಸರು ಒಳಹೊಗುವುದು ತುಂಡಾದ ಬಾಯಿಗಳಿಂದಲೇ. ಕತ್ತರಿಸಿದ ತುದಿಯನ್ನು ಅರದಿಂದ ಚಪ್ಪಟೆ ಮಾಡಿ, ಒಳಗಿನ ಪ್ಲಾಸ್ಟಿಕ್ ಕೊಳವೆಯನ್ನು ದಬ್ಬಣದಿಂದ ಬಿಡಿಸಿ. 5 ಮಿಮೀ ಬ್ರೇಕ್ ಔಟರನ್ನೇ ಹಾಕಬೇಕು. ಗೇರಿನ 4 ಮಿಮೀ ಔಟರಿನೊಳಗೆ ತಂತಿಗಳು ಉದ್ದಕ್ಕೆ ಕೂತಿರುತ್ತವೆ. ಬ್ರೇಕಿನ ಎಳೆತಕ್ಕೆ ಅದು ಬಿರಿದು ತೆರೆದುಕೊಳ್ಳುತ್ತದೆ.

ಮಳೆಗಾಲಕ್ಕೆ ನಾನು ಮೆಟಲ್ ಪ್ಯಾಡ್ ಹಾಕುತ್ತೇನೆ. ರೆಸಿನ್ ಪ್ಯಾಡ್ ಸದ್ದಿಲ್ಲದೆ ನಯವಾಗಿ ಹಿಡಿಯುತ್ತದೆ, ಆದರೆ ಕೆಸರಿನಲ್ಲಿ ಬೇಗ ಸವೆಯುತ್ತದೆ. ತಟ್ಟೆಯ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿದ್ದರೆ ಮೆಟಲ್ ಹಾಕುವಂತಿಲ್ಲ, ಆ ತಟ್ಟೆ ಮೆದು. ಯಾವ ಹೊಸ ಪ್ಯಾಡಾದರೂ ಘಟ್ಟಕ್ಕೆ ನೇರ ಒಯ್ಯಬೇಡಿ. ಸಮತಟ್ಟು ರಸ್ತೆಯಲ್ಲಿ 20 ಕಿಮೀ ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, ಮುಂದಿನದಕ್ಕೆ 20 ಸಲ, ಹಿಂದಿನದಕ್ಕೆ 20 ಸಲ ಬ್ರೇಕ್ ಹಾಕಿ. ಹಿಡಿತ ಏರುತ್ತಾ ಬರುವುದು ಬೆರಳಿಗೇ ತಿಳಿಯುತ್ತದೆ.

ಡಿಸ್ಕನ್ನು ಕೊಲ್ಲುವುದು ಎಣ್ಣೆ. ಚೈನನ್ನು ಡೀಸೆಲ್ಲಿನಲ್ಲಿ ಬ್ರಷ್ ಹಾಕಿ ತೊಳೆಯುವುದು ನಮ್ಮ ಶಾಪುಗಳ ಹಳೆಯ ರೂಢಿ. ರಿಮ್ ಬ್ರೇಕಿನ ಕಾಲಕ್ಕೆ ಅದರಿಂದ ತೊಂದರೆ ಇರಲಿಲ್ಲ. ಡಿಸ್ಕ್ ಸೈಕಲ್ಲಿಗೆ ಅದೇ ಮಾಡಿದರೆ ಒಂದು ಹನಿ ಸಿಡಿದು ತಟ್ಟೆಗೆ ತಾಗಿದರೂ ಪ್ಯಾಡ್ ಹೀರಿಕೊಳ್ಳುತ್ತದೆ. ಆಮೇಲೆ ಬ್ರೇಕ್ ಆನೆಯಂತೆ ಕೂಗುತ್ತದೆ, ಹಿಡಿಯುವುದಿಲ್ಲ. ತಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಉಳಿಸಿಕೊಳ್ಳಬಹುದು, ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಸರಿ. ಚೈನಿಗೆ ಸ್ಪ್ರೇ ಬೇಡ, ಹನಿ ಹಾಕುವ ಬಾಟಲಿ ಸಾಕು. ತಟ್ಟೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಳಿದ ಕೂಡಲೇ ಮುಟ್ಟಿದರಂತೂ ಬೆರಳು ಸುಡುತ್ತದೆ.

ವಿ-ಬ್ರೇಕಿನ ಸೈಕಲ್ಲನ್ನೇ ಡಿಸ್ಕ್ ಮಾಡಬಹುದೇ? ಫ್ರೇಮಿನಲ್ಲಿ ಕ್ಯಾಲಿಪರ್ ಕೂರಿಸುವ ಕಿವಿ ಇಲ್ಲದಿದ್ದರೆ ಹಿಂದಿನ ಚಕ್ರದ ಆಸೆ ಬಿಡಿ. ವೆಲ್ಡ್ ಮಾಡಿಸಲೇಬೇಡಿ, ಡಿಸ್ಕಿನ ಎಳೆತ ಬೀಳುವುದು ಆ ಒಂದೇ ಕಡೆಯ ಕೊಳವೆಯ ಮೇಲೆ, ಅದಕ್ಕಾಗಿ ಮಾಡಿದ ಫ್ರೇಮ್ ಅದಲ್ಲ. ಮುಂದಿನ ಚಕ್ರಕ್ಕೆ ಮಾತ್ರ ದಾರಿ ಇದೆ: ಅದೇ ಎತ್ತರದ ಡಿಸ್ಕ್ ಫೋರ್ಕ್, ಡಿಸ್ಕ್ ಹಬ್ಬಿನ ಚಕ್ರ, ಕ್ಯಾಲಿಪರ್. ಎಂಟಿಬಿಯ (ಮೌಂಟನ್ ಬೈಕಿನ) ಹೆಚ್ಚು ವೈರ್ ಎಳೆಯುವ ಕ್ಯಾಲಿಪರ್ ತೆಗೆದುಕೊಂಡರೆ ಇದ್ದ ವಿ-ಬ್ರೇಕ್ ಲಿವರೇ ನಡೆಯುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ ಆದ್ದರಿಂದ ಮುಂದೆ ಡಿಸ್ಕ್, ಹಿಂದೆ ವಿ-ಬ್ರೇಕ್ ಎಂಬ ಬೆರಕೆ ಜೋಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆ ಚಕ್ರದ ಕ್ವಿಕ್ ರಿಲೀಸ್ (ಚಕ್ರವನ್ನು ಬಿಗಿಯುವ ಹಿಡಿ) ಮಾತ್ರ ಅಂಗೈಯಲ್ಲಿ ಅಚ್ಚು ಮೂಡುವಷ್ಟು ಬಿಗಿಯಾಗಿರಲಿ. ಡಿಸ್ಕ್ ಹಿಡಿದಾಗ ಆಕ್ಸಲ್ ಫೋರ್ಕಿನ ಬಾಯಿಯಿಂದ ಹೊರಕ್ಕೆ ಜಾರಲು ನೋಡುತ್ತದೆ.

ಹೊಸ ರೋಡ್ ಸೈಕಲ್ ಕೊಳ್ಳುವವರಿಗೆ ಆಯ್ಕೆಯೇ ಕಿರಿದಾಗುತ್ತಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2018ರ ಜುಲೈಯಲ್ಲಿ ರಸ್ತೆ ರೇಸುಗಳಿಗೆ ಡಿಸ್ಕನ್ನು ಪೂರ್ತಿ ಒಪ್ಪಿದ ಮೇಲೆ ಮೇಲ್ದರ್ಜೆಯ ಮಾದರಿಗಳು ಬಹುತೇಕ ಡಿಸ್ಕಿನಲ್ಲೇ ಬರುತ್ತಿವೆ. ಒಳ್ಳೆಯ ರಿಮ್ ಬ್ರೇಕ್ ಚಕ್ರ ಇರುವವರು ಜೋಪಾನ ಮಾಡಿಕೊಳ್ಳಿ.

ಬಸ್ಸಿನ ಮೇಲೆ ಸಾಗಿಸುವಾಗ ಚಕ್ರ ಬಿಚ್ಚಿದರೆ ಎರಡು ಪ್ಯಾಡಿನ ನಡುವೆ ಮಡಿಸಿದ ರಟ್ಟು ತುರುಕಿ. ಆಯಿಲ್ ಬ್ರೇಕಿನಲ್ಲಿ ಚಕ್ರ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿ ತಟ್ಟೆ ಒಳಹೋಗುವುದಿಲ್ಲ. ಚಕ್ರವನ್ನು ತಟ್ಟೆ ಮೇಲಾಗಿ ಇಡಿ, ಅದರ ಮೇಲೆ ಇನ್ನೇನೂ ಹೇರಬೇಡಿ. ಮಳೆಗಾಲದಲ್ಲಿ ನನ್ನ ಚೀಲದಲ್ಲಿ ಇರುವುದು ಇಷ್ಟು: ಒಂದು ಜೊತೆ ಪ್ಯಾಡ್, ಒಂದು ಬ್ರೇಕ್ ಇನ್ನರ್ (ಒಳಗಿನ ವೈರ್), 5 ಮಿಮೀ ಅಲೆನ್ ಕೀ, ಟಿ25 ಕೀ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಣ ಬಟ್ಟೆ, ಒಂದು ವಿಸಿಟಿಂಗ್ ಕಾರ್ಡ್.