ಮಾವಿನ ತೋಟದ ಮೋಹಕ ಬಲೆ: ಅಂಗಡಿಯ ಬಿಲ್ಲೆಯನ್ನು ನಾನು ಪರೀಕ್ಷೆ ಮಾಡುವ ರೀತಿ

ಅದೇ ಅಂಗಡಿ, ಅದೇ ಹೆಸರು, ಅದೇ ಬಣ್ಣದ ಪೊಟ್ಟಣ. ಬಿಲ್ಲೆ ಅಂದರೆ ಮಾವಿನ ಹಣ್ಣು ನೊಣ ಹಿಡಿಯೋಕೆ ಬಾಟಲಿ ಬಲೆಯೊಳಗೆ ಕಟ್ಟುವ, ವಾಸನೆಯ ಎಣ್ಣೆಯಲ್ಲಿ ನೆನೆಸಿದ ಮರದ ತುಂಡು. ಹೋದ ವರ್ಷ ತಂದ ಬಿಲ್ಲೆಗೆ ಕಟ್ಟಿದ ಸ್ವಲ್ಪ ಹೊತ್ತಿಗೇ ನೊಣ ಮುತ್ತಿಕೊಂಡವು. ಈ ವರ್ಷ ತಂದದ್ದಕ್ಕೆ ವಾರ ಕಳೆದರೂ ಬಾಟಲಿ ಖಾಲಿ. ಶ್ರೀನಿವಾಸಪುರದ ಸುತ್ತ ಮಾವು ಬೆಳೆಯುವ ಯಾರನ್ನು ಕೇಳಿದರೂ ಈ ಮಾತು ಬಂದೇ ಬರುತ್ತದೆ. ಬಲೆ ಒಳ್ಳೆಯದೇ, ಆದರೆ ಒಳಗಿನ ಲೂರ್, ಅಂದರೆ ನೊಣವನ್ನು ಸೆಳೆಯುವ ಬಿಲ್ಲೆ, ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರಲ್ಲ.

ಬಿಲ್ಲೆಗೆ ಕೊಟ್ಟ ದುಡ್ಡು ಹೋದರೆ ಹೋಗಲಿ ಅನ್ನಬಹುದು. ನನ್ನ ಚಿಂತೆ ಬೇರೆ. ಬಾಟಲಿ ಖಾಲಿ ಇದ್ದರೆ ಅದಕ್ಕೆ ಎರಡು ಕಾರಣ ಇರಬಹುದು. ತೋಟದಲ್ಲಿ ನೊಣ ಇಲ್ಲ, ಇಲ್ಲವೇ ಬಿಲ್ಲೆಯಲ್ಲಿ ಜೀವ ಇಲ್ಲ. ನೋಡಿದವರು ಮೊದಲನೆಯದನ್ನೇ ನಂಬಿ ನೆಮ್ಮದಿಯಾಗಿ ಕೂರುತ್ತಾರೆ. ಕೊಯ್ಲಿಗೆ ಮುಂಚಿನ ಆರೇಳು ವಾರ ಹಾಗೇ ಕಳೆದುಹೋಗುತ್ತದೆ. ನಮ್ಮ ಕಡೆ ಊಜಿ ಅಂತ ಕರೆಯುವ ಈ ಹಣ್ಣು ನೊಣ ಅಷ್ಟರಲ್ಲಿ ಕಾಯಿಯ ಸಿಪ್ಪೆಯಡಿ ಮೊಟ್ಟೆ ಇಟ್ಟು ಮುಗಿಸಿರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಕಲೆ. ಮಂಡಿಯಲ್ಲಿ ಹಣ್ಣು ಕತ್ತರಿಸಿದಾಗ ಒಳಗೆ ಬಿಳಿ ಹುಳ. 2014ರ ಮೇ ತಿಂಗಳಿಂದ ಯುರೋಪಿಯನ್ ಒಕ್ಕೂಟ ನಮ್ಮ ದೇಶದ ಮಾವನ್ನೇ ತಡೆಹಿಡಿಯಿತಲ್ಲ, ಅದಕ್ಕೂ ಮುಖ್ಯ ಕಾರಣ ಹಣ್ಣು ನೊಣವೇ. 2015ರ ಜನವರಿಯಲ್ಲಿ ಆ ತಡೆ ತೆಗೆದರು.

ಹಾಗಾಗಿ ನಾನು ಈಗ ಯಾವ ಬಿಲ್ಲೆಯನ್ನೂ ಪರೀಕ್ಷೆ ಮಾಡದೆ ತೋಟಕ್ಕೆಲ್ಲ ಕಟ್ಟುವುದಿಲ್ಲ. ಹೇಗೆ ಅಂತ ಹೇಳುವ ಮೊದಲು ಬಿಲ್ಲೆಯೊಳಗೆ ಏನಿರುತ್ತದೆ ಅಂತ ಗೊತ್ತಿರಬೇಕು.

ಮಾವಿನ ನೊಣವನ್ನು ಸೆಳೆಯುವುದು ಮೀಥೈಲ್ ಯೂಜೆನಾಲ್ ಅನ್ನುವ ಎಣ್ಣೆಯಂಥ ದ್ರವ. ಇದೇನು ಹೊಸ ಸಂಗತಿ ಅಲ್ಲ. 1912ರಲ್ಲೇ ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಎಫ್. ಎಂ. ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಗಂಡು ಹಣ್ಣು ನೊಣಗಳು ಬರುವುದನ್ನು ಬರೆದಿಟ್ಟರು. ಹಾಗೆ ಸೆಳೆಯುವ ಅಂಶ ಮೀಥೈಲ್ ಯೂಜೆನಾಲ್ ಅಂತ 1915ರಲ್ಲಿ ತೋರಿಸಿದರು. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಇದನ್ನೇ ಕೀಟನಾಶಕದ ಜೊತೆ ಬಳಸಿ ಈ ನೊಣವನ್ನು ಪೂರ್ತಿ ಇಲ್ಲದ ಹಾಗೆ ಮಾಡಿದರು. ಅಂದರೆ ವಸ್ತುವಿನ ಶಕ್ತಿಯ ಬಗ್ಗೆ ಅನುಮಾನವೇ ಬೇಡ. ಋತುವಿನಲ್ಲಿ ಒಳ್ಳೆಯ ಬಿಲ್ಲೆ ಕಟ್ಟಿದರೆ ನಾವು ಮರದ ಕೆಳಗೆ ನಿಂತಿರುವಾಗಲೇ ನೊಣ ಬರಬೇಕು. ತೋಟದಲ್ಲಿ ನೊಣ ಇದ್ದೂ ಬರಲಿಲ್ಲ ಅಂದರೆ ತಯಾರು ಮಾಡಿದವರ ಕಡೆಯೋ, ಇಟ್ಟು ಮಾರಿದವರ ಕಡೆಯೋ ಏನೋ ಕೆಟ್ಟಿದೆ ಅಂತಲೇ ಅರ್ಥ.

ಮರದ ಬಿಲ್ಲೆಯನ್ನು ಮೀಥೈಲ್ ಯೂಜೆನಾಲ್, ಆಲ್ಕೋಹಾಲ್ ಮತ್ತು ಕೀಟನಾಶಕದ ಮಿಶ್ರಣದಲ್ಲಿ ನೆನೆಸಿರುತ್ತಾರೆ. ಎಣ್ಣೆ ಮರದೊಳಗೆ ಇಳಿಯಲಿ ಅಂತ ಆಲ್ಕೋಹಾಲ್, ಬಂದ ನೊಣ ಸಾಯಲಿ ಅಂತ ಕೀಟನಾಶಕ. ಈ ಮೂರರಲ್ಲಿ ದುಬಾರಿಯಾದದ್ದು ಮೀಥೈಲ್ ಯೂಜೆನಾಲ್. ಹಾಗಾಗಿ ತಯಾರು ಮಾಡುವವರು ಕೈ ಬಿಗಿ ಹಿಡಿಯುವುದೂ ಅಲ್ಲೇ. ಆಲ್ಕೋಹಾಲ್ ಜಾಸ್ತಿ ಸುರಿದು ಸುಮ್ನೆ ಒಮ್ಮೆ ಅದ್ದಿ ತೆಗೆದರೂ ಹೊರಗಿಂದ ನೋಡೋಕೆ ಬಿಲ್ಲೆ ಒಂದೇ ಥರ ಇರುತ್ತದೆ.

ನಾನು ಮೊದಲು ಮಾಡುವ ಕೆಲಸ, ಕೈಗವಸು ಹಾಕಿಕೊಂಡು ಒಂದು ಬಿಲ್ಲೆಯನ್ನು ಮಚ್ಚಿನಿಂದ ಸೀಳುವುದು. ಇದರಷ್ಟು ನೇರವಾಗಿ ಸತ್ಯ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಚೆನ್ನಾಗಿ ನೆನೆದ ಬಿಲ್ಲೆ ಒಳಗೆ ಮಧ್ಯದವರೆಗೂ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮುಟ್ಟಿದರೆ ಜಿಡ್ಡು. ಕೆಟ್ಟದ್ದರಲ್ಲಿ ಅಂಚಿನ ಸುತ್ತ ಮಾತ್ರ ಗಾಢ ಗೆರೆ, ನಡುವೆ ಒಣ ಬಿಳಿ ಮರ. ಕೆಲವರು ನೀರು ತಡೆಯುವ ಗಟ್ಟಿ ಪ್ಲೈವುಡ್‌ನ ತುಂಡುಗಳನ್ನೇ ಬಳಸುತ್ತಾರೆ. ಅದರ ಪದರಗಳ ನಡುವಿನ ಅಂಟು ಎಣ್ಣೆಯನ್ನು ಒಳಗೆ ಬಿಡುವುದಿಲ್ಲ. ಮೂರು ದಿನ ನೆನೆಸಿದರೂ ಅದು ಕುಡಿಯುವುದು ಅಷ್ಟಕ್ಕಷ್ಟೇ.

ಎರಡನೆಯದು ತೂಕ. ಚಿನ್ನದ ಅಂಗಡಿಯವರು ಇಟ್ಟುಕೊಳ್ಳುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಒಂದೇ ಪೊಟ್ಟಣದ ಬಿಲ್ಲೆಗಳನ್ನು ಒಂದೊಂದಾಗಿ ತೂಗಿ. ಅಳತೆ ಒಂದೇ ಇದ್ದೂ ತೂಕ ಏರುಪೇರು ಇದ್ದರೆ ಒಂದು ಜಾಸ್ತಿ ಕುಡಿದಿದೆ, ಇನ್ನೊಂದು ಕಡಿಮೆ ಕುಡಿದಿದೆ. ಆಮೇಲೆ ಒಂದನ್ನು ಮಳೆ ಬೀಳದ ಸೂರಿನಡಿ ತೂಗುಹಾಕಿ ಆಗಾಗ ತೂಗುತ್ತೇನೆ. ಮೊದಲ ಎರಡು ದಿನದಲ್ಲಿ ತೂಕ ದಡದಡನೆ ಇಳಿದು ಆಮೇಲೆ ಅಲ್ಲಾಡದೇ ನಿಂತರೆ ಹೋದದ್ದು ಬರೀ ಆಲ್ಕೋಹಾಲ್, ಒಳಗೆ ಉಳಿದದ್ದು ಹೆಚ್ಚೇನಿಲ್ಲ. ಒಳ್ಳೆಯ ಬಿಲ್ಲೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಹಗುರಾಗುತ್ತಾ ಹೋಗುತ್ತದೆ. ನಮಗೆ ಬೇಕಾಗಿರುವುದೇ ಆ ನಿಧಾನ. ಎಣ್ಣೆ ಎಷ್ಟೇ ಶುದ್ಧವಾಗಿರಲಿ, ಒಂದೇ ವಾರದಲ್ಲಿ ಎಲ್ಲ ಗಾಳಿಗೆ ಹೋದರೆ ಕೊಯ್ಲಿನ ಹೊತ್ತಿಗೆ ಬಲೆ ಸತ್ತಿರುತ್ತದೆ.

ಮೂರನೆಯದು ತುಳಸಿ. ನಮ್ಮ ಹಿರಿಯರು ತುಳಸಿ ಎಲೆ ಅರೆದು ತೆಂಗಿನ ಚಿಪ್ಪಿನಲ್ಲಿಟ್ಟು ಮರಕ್ಕೆ ಕಟ್ಟುತ್ತಿದ್ದರು. ತುಳಸಿಯಲ್ಲಿ ಮೀಥೈಲ್ ಯೂಜೆನಾಲ್ ಇರುವುದರಿಂದ ನೊಣ ಬರುತ್ತಿತ್ತು. ಗಿಡದಿಂದ ಗಿಡಕ್ಕೆ ಅದರ ಪ್ರಮಾಣ ಬೇರೆ, ಅರೆದ ಎಲೆ ಬೇಗ ಒಣಗುತ್ತದೆ. ಹಾಗಾಗಿ ಇಡೀ ತೋಟಕ್ಕೆ ಇದನ್ನೇ ನಂಬೋಕೆ ಆಗಲ್ಲ. ಆದರೆ ಅಳತೆಗೋಲಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗಿನ ಹೊತ್ತು ನೊಣದ ಓಡಾಟ ಇರುವಾಗ ಒಂದು ಮರಕ್ಕೆ ತುಳಸಿ ಚಿಪ್ಪು, ದೂರದ ಇನ್ನೊಂದು ಮರಕ್ಕೆ ಅಂಗಡಿ ಬಿಲ್ಲೆ ಕಟ್ಟುತ್ತೇನೆ. ತುಳಸಿಗೆ ನಾಲ್ಕು ನೊಣ ಬಂದು ಬಿಲ್ಲೆಗೆ ಒಂದೂ ಬರದಿದ್ದರೆ ತೋಟದಲ್ಲಿ ನೊಣ ಇದೆ, ಬಿಲ್ಲೆ ಸತ್ತಿದೆ. ಖಾಲಿ ಬಾಟಲಿಯ ಗೊಂದಲ ಇಷ್ಟರಲ್ಲೇ ಬಗೆಹರಿಯುತ್ತದೆ.

ಎರಡು ಕಂಪನಿಯ ಬಿಲ್ಲೆ ಹೋಲಿಸುವಾಗ ಒಂದು ಎಚ್ಚರ ಬೇಕು. ಎರಡನ್ನೂ ಹತ್ತಿರ ಹತ್ತಿರ ಕಟ್ಟಬಾರದು. ಒಂದರ ವಾಸನೆಗೆ ಬಂದ ನೊಣ ಇನ್ನೊಂದರೊಳಗೆ ಬೀಳುತ್ತದೆ. ಕೆಲವು ದಿನಕ್ಕೊಮ್ಮೆ ಎರಡರ ಜಾಗವನ್ನೂ ಅದಲು ಬದಲು ಮಾಡಬೇಕು. ತೋಟದ ಅಂಚಿನ ಸೀಬೆ ಗಿಡದ ಪಕ್ಕ ಯಾವ ಬಿಲ್ಲೆ ಕಟ್ಟಿದರೂ ಜಾಸ್ತಿ ಬೀಳುತ್ತದೆ. ಬಿಸಿಲು ಹೊಡೆಯುವ ಬೋಳು ಕೊಂಬೆಗೆ ಏನು ಕಟ್ಟಿದರೂ ಕಡಿಮೆ. ಜಾಗ ಬದಲಿಸಿದ ಮೇಲೂ ಅದೇ ಬಿಲ್ಲೆ ಸೋತರೆ ಆಗ ತೀರ್ಪು ಹೇಳಬಹುದು.

ಇನ್ನೊಂದು ತೊಂದರೆಯನ್ನು ಬಹಳ ಜನ ಗಮನಿಸುವುದಿಲ್ಲ. ನೊಣ ಬರುತ್ತದೆ, ಬಿಲ್ಲೆಯ ಮೇಲೆ ಕೂರುತ್ತದೆ, ನೆಕ್ಕುತ್ತದೆ, ಎದ್ದು ಹೋಗುತ್ತದೆ. ಬಾಟಲಿ ಖಾಲಿ. ಇಲ್ಲಿ ಎಣ್ಣೆ ಸರಿಯಾಗೇ ಇದೆ, ಕೀಟನಾಶಕ ಇಲ್ಲ ಅಥವಾ ಸತ್ವ ಕಳೆದುಕೊಂಡಿದೆ. ಬಲೆಯ ಹತ್ತಿರ ಕಾಲು ಗಂಟೆ ಸುಮ್ಮನೆ ನಿಂತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಇರುವೆಯನ್ನೂ ನೋಡಬೇಕು. ಸತ್ತ ನೊಣವನ್ನು ಇರುವೆ ಸಾಲುಗಟ್ಟಿ ಹೊತ್ತೊಯ್ಯುತ್ತದೆ, ನಾವು ಬಿಲ್ಲೆಯನ್ನು ಬೈಯುತ್ತೇವೆ. ಕಟ್ಟುವ ತಂತಿಗೆ ಒಂದಿಷ್ಟು ಗ್ರೀಸ್ ಸವರಿದರೆ ಆ ಲೆಕ್ಕ ಸರಿಹೋಗುತ್ತದೆ. ಅಂಗಡಿಯವರ ಮುಂದೆ ದೂರು ಹೇಳುವ ಮೊದಲು ಇವೆರಡನ್ನೂ ನೋಡಿಕೊಂಡಿರಬೇಕು. ಇಲ್ಲದಿದ್ದರೆ ನಮ್ಮ ಮಾತಿಗೆ ತೂಕ ಬರಲ್ಲ.

ಹೀರೆ, ಹಾಗಲ, ಸೋರೆ ಬೆಳೆಯುವವರಿಗೆ ಇನ್ನೊಂದು ಕಾಟ. ಬಳ್ಳಿ ತರಕಾರಿಗೆ ಬರುವ ನೊಣವೇ ಬೇರೆ. ಅದು ಮೀಥೈಲ್ ಯೂಜೆನಾಲ್‌ಗೆ ಬರಲ್ಲ, ಅದಕ್ಕೆ ಕ್ಯೂ ಲೂರ್ ಅನ್ನುವ ಬೇರೆಯೇ ಸೆಳೆಯುವ ವಸ್ತು ಬೇಕು. ಎರಡೂ ಬಿಲ್ಲೆ ನೋಡೋಕೆ ಒಂದೇ ಥರ. ಅಂಗಡಿಯಲ್ಲಿ ಒಂದೇ ಡಬ್ಬದಲ್ಲಿ ಹಾಕಿಟ್ಟು, ಕೇಳಿದರೆ "ಎಲ್ಲಾ ಒಂದೇ ಅಣ್ಣ, ಊಜಿಗೆ ಅಂತಾನೇ ಬಂದಿರೋದು" ಅಂತ ಕೊಡುತ್ತಾರೆ. ಬಿದ್ದ ನೊಣವನ್ನು ಅಂಗೈ ಮೇಲೆ ಹಾಕಿ ನೋಡಿ. ಮಾವಿನ ನೊಣದ ಬೆನ್ನು ಕಪ್ಪಗಿದ್ದು ಅಕ್ಕಪಕ್ಕ ಹಳದಿ ಪಟ್ಟಿ ಇರುತ್ತದೆ, ರೆಕ್ಕೆ ತಿಳಿಯಾಗಿರುತ್ತದೆ. ಬಳ್ಳಿಯ ನೊಣದ ಮೈ ಕೆಂಪು ಮಿಶ್ರಿತ ಹಳದಿ, ರೆಕ್ಕೆಯ ತುದಿಯಲ್ಲಿ ಕಂದು ಮಚ್ಚೆ. ಹಾಗಲದ ಚಪ್ಪರದಲ್ಲಿ ಕಟ್ಟಿದ ಬಾಟಲಿಗೆ ಬರೀ ಕಪ್ಪು ಬೆನ್ನಿನವು ಬಿದ್ದಿದ್ದರೆ ನಿಮಗೆ ಕೊಟ್ಟಿರುವುದು ಮಾವಿನ ಬಿಲ್ಲೆ. ಎರಡನ್ನೂ ಒಟ್ಟಿಗೆ ಇಟ್ಟರೆ ವಾಸನೆ ಒಂದಕ್ಕೊಂದು ಹತ್ತಿಕೊಳ್ಳುತ್ತದೆ, ಅದೂ ಒಂದು ಗೋಳು.

ನಾಲ್ಕು ಜನ ಬೆಳೆಗಾರರು ಸೇರಿ ಈಗ ನಮ್ಮ ಬಿಲ್ಲೆಯನ್ನು ನಾವೇ ಮಾಡಿಕೊಳ್ಳುತ್ತೇವೆ. ಆಲ್ಕೋಹಾಲ್ ಆರು ಪಾಲು, ಮೀಥೈಲ್ ಯೂಜೆನಾಲ್ ನಾಲ್ಕು ಪಾಲು, ಮೆಲಾಥಿಯಾನ್ ಅನ್ನುವ ಕೀಟನಾಶಕ ಒಂದು ಪಾಲು. ಬಹಳ ಕಾಲದಿಂದ ಶಿಫಾರಸಿನಲ್ಲಿರುವ ಅಳತೆ ಇದು. ಎರಡು ಇಂಚು ಚೌಕ, ಅರ್ಧ ಇಂಚು ದಪ್ಪದ ಸಾದಾ ಮೆದು ಪ್ಲೈವುಡ್ ತುಂಡುಗಳನ್ನು ಮುಚ್ಚಳ ಇರುವ ಡಬ್ಬದಲ್ಲಿ ಎರಡು ಮೂರು ದಿನ ನೆನೆಸುತ್ತೇವೆ. ನಡುವೆ ತಿರುವಿ ಹಾಕುತ್ತೇವೆ. ಹಳೆಯ ಕರಪತ್ರಗಳಲ್ಲಿ ಮೆಲಾಥಿಯಾನ್ ಬದಲು ಡೈಕ್ಲೋರ್‌ವಾಸ್ ಅಂತ ಇರುತ್ತದೆ. ಅದು 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ನಿಷೇಧ, ಬಳಸಬೇಡಿ.

ಕೊಳ್ಳುವ ಎಣ್ಣೆಯನ್ನೂ ನೋಡಬೇಕು. ಮೀಥೈಲ್ ಯೂಜೆನಾಲ್ ನೀರಿಗಿಂತ ಸ್ವಲ್ಪ ಭಾರ. ಗಾಜಿನ ಲೋಟದ ನೀರಿನೊಳಗೆ ಡ್ರಾಪರ್ ತುದಿ ಅದ್ದಿ ಒಂದು ಹನಿ ಬಿಟ್ಟರೆ ತಳಕ್ಕೆ ಇಳಿಯಬೇಕು. ಹಾಲಿನ ಹಾಗೆ ಬೆಳ್ಳಗೆ ಹರಡಿದರೆ ಬೇರೆ ಏನೋ ಬೆರೆತಿದೆ. ಮುಳುಗಿತು ಅಂದ ಮಾತ್ರಕ್ಕೆ ಶುದ್ಧ ಅಂತಲೂ ಅಲ್ಲ, ಲವಂಗದ ಎಣ್ಣೆಯೂ ಮುಳುಗುತ್ತದೆ, ವಾಸನೆಯೂ ಹತ್ತಿರ ಹತ್ತಿರ. ಕೊನೆಗೆ ನೊಣವೇ ಹೇಳಬೇಕು. ಈ ಕೆಲಸವನ್ನು ಬಯಲಿನಲ್ಲಿ, ಕೈಗವಸು ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು, ಬೆಂಕಿ ಹತ್ತಿರ ಇಲ್ಲದ ಕಡೆ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಮೀಥೈಲ್ ಯೂಜೆನಾಲನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿದೆ. ಬರಿಗೈಯಲ್ಲಿ ಬಿಲ್ಲೆ ಕಟ್ಟಿ, ಅದೇ ಕೈಯಲ್ಲಿ ಬುತ್ತಿ ಬಿಚ್ಚುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ತೆಂಗಿನ ಕಡೆಯ ನೆಂಟರೂ ಇದೇ ದೂರು ಹೇಳುತ್ತಾರೆ, ಕೆಂಪು ಮೂತಿ ಹುಳುವಿನ ಲೂರ್ ಬಗ್ಗೆ. ಅಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುವುದು ಇನ್ನೂ ಕಷ್ಟ. ಆ ಹುಳುವಿಗೆ ಲೂರ್ ಒಂದೇ ಸಾಲದು. ಬಕೆಟ್‌ನಲ್ಲಿ ಹುಳಿ ಬರುವ ಅನಾನಸ್ ಅಥವಾ ಕಬ್ಬಿನ ತುಂಡು, ನೀರು ಇರಬೇಕು. ಅದು ಒಣಗಿದ ಬಕೆಟ್‌ನಲ್ಲಿ ಒಳ್ಳೆಯ ಲೂರ್ ಕೂಡ ಸೋಲುತ್ತದೆ.

ಬಿಲ್ಲೆ ಒಳ್ಳೆಯದಿದ್ದರೂ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಬಾಟಲಿ ತುಂಬಿದೆ ಅಂತ ಕೈ ಕಟ್ಟಿ ಕೂತರೆ ಆಗಲೇ ಮೊಟ್ಟೆ ಹೊತ್ತ ಹೆಣ್ಣು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಉದುರಿದ ಹಣ್ಣನ್ನು ದಿನಾ ಆರಿಸಿ ಆಳವಾಗಿ ಹೂಳುವುದು, ಮರದ ಬುಡದ ಮಣ್ಣು ಕೆದಕಿ ಅಲ್ಲಿರುವ ನೊಣದ ಕೋಶಗಳನ್ನು (ಪ್ಯೂಪಾ) ಬಿಸಿಲಿಗೆ ಒಡ್ಡುವುದು, ಇವೆರಡೂ ಬಲೆಯ ಜೊತೆಗೇ ನಡೆಯಬೇಕು. ಎಕರೆಗೆ ಆರೆಂಟು ಬಲೆಯ ಹಾಗೆ ಅಕ್ಕಪಕ್ಕದ ತೋಟದವರೂ ಕಟ್ಟಿದರೆ ಫಲ ಜಾಸ್ತಿ. ಬಾದಾಮಿ, ಬೇನಿಷಾ ತಳಿಯ ಮಾವು ಮುಗಿದ ಮೇಲೆ ಬಲೆ ಬಿಚ್ಚಿಬಿಡುವವರಿದ್ದಾರೆ. ಮಳೆ ಬಿದ್ದ ಮೇಲೆ ನೊಣ ಹೆಚ್ಚುತ್ತದೆ, ತಡವಾಗಿ ಬರುವ ನೀಲಂಗೆ ಅದೇ ಕುತ್ತು.

ಎಲ್ಲರಿಗೂ ಮನೆಯಲ್ಲಿ ಬಿಲ್ಲೆ ಮಾಡಿಕೊಳ್ಳಲು ಆಗಲ್ಲ, ಗೊತ್ತು. ಕೊಳ್ಳುವವರು ತಯಾರಾದ ದಿನಾಂಕ, ಬ್ಯಾಚ್ ನಂಬರ್ ಕೇಳಿ. ಅಲ್ಯೂಮಿನಿಯಂ ಹಾಳೆಯ ಪೊಟ್ಟಣದಲ್ಲಿರುವುದನ್ನೇ ಆರಿಸಿ. ತೆಳು ಪ್ಲಾಸ್ಟಿಕ್‌ನಲ್ಲಿದ್ದು ಅಂಗಡಿಯೆಲ್ಲ ಘಮ್ಮೆನ್ನುತ್ತಿದ್ದರೆ ನೀವು ದುಡ್ಡು ಕೊಡುವ ಮೊದಲೇ ಸರಕು ಗಾಳಿಗೆ ಹೋಗುತ್ತಿದೆ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿದ್ದರೆ ಬೇಡವೇ ಬೇಡ. ನಮ್ಮ ಊರಿನ ಗೊಬ್ಬರದ ಅಂಗಡಿಯವರಿಗೆ ಸೀಳಿದ ಬಿಲ್ಲೆಯ ಒಣ ನಡುವನ್ನು ತೋರಿಸಿ, ತೂಕದ ಚೀಟಿಯನ್ನು ಮುಂದಿಟ್ಟೆವು. ಮೊದಲು ಒಪ್ಪಲಿಲ್ಲ. ಬೇರೆ ತೋಟದವರೂ ಅದೇ ಬ್ಯಾಚಿನ ಬಿಲ್ಲೆ ಸೀಳಿ ತಂದಾಗ ಸರಕನ್ನು ವಾಪಸ್ ಕಳಿಸಿದರು. ಈಗ ಹೊಸ ಬ್ಯಾಚ್ ಬಂದರೆ ಮೊದಲು ಎರಡು ಬಿಲ್ಲೆ ನಮ್ಮ ಕೈಗೆ ಕೊಡುತ್ತಾರೆ. ಒಂದನ್ನು ಸೀಳುತ್ತೇವೆ, ಇನ್ನೊಂದನ್ನು ತುಳಸಿ ಚಿಪ್ಪಿನ ಎದುರು ಕಟ್ಟುತ್ತೇವೆ. ನೊಣ ಬಂದು ಬಿದ್ದರೆ ಮಾತ್ರ ಡಬ್ಬ ಎತ್ತುತ್ತೇವೆ.